ಮಗನ ಗುಳಿಗೆ, ಮಗಳ ಗುಳಿಗೆ

ನಮ್ಮ ಕಡೆ ಒಂದು ಕೆಟ್ಟ ರೂಢಿ ಇದೆ. ಒಬ್ಬ ಡಾಕ್ಟರ ಬಳಿ ಹೋಗುವಾಗ ಇನ್ನೊಬ್ಬ ಡಾಕ್ಟರು ಕೊಟ್ಟ ಗುಳಿಗೆಗಳನ್ನು ಮನೆಯಲ್ಲೇ ಇಟ್ಟು ಹೋಗುತ್ತೇವೆ. ಯಾಕೆಂದು ಕೇಳಿದರೆ, ಬೇರೆ ಕಡೆ ತೋರಿಸಿದ್ದು ಗೊತ್ತಾದರೆ ಅವರಿಗೆ ಸಿಟ್ಟು ಬರುತ್ತದೆ ಎನ್ನುತ್ತೇವೆ. ಸಿಟ್ಟು ಬಂದರೆ ಬರಲಿ. ಎರಡು ಮಾತು ಬೈದು ಸುಮ್ಮನಾಗುತ್ತಾರೆ. ಹೇಳದೆ ಮುಚ್ಚಿಟ್ಟರೆ ಏನಾಗುತ್ತದೆ ಎಂಬುದನ್ನು ಬಸವಕಲ್ಯಾಣದ ಹತ್ತಿರದ ಮಂಠಾಳದ ಭಾಗಮ್ಮನ ಮನೆಯವರು ಕಣ್ಣಾರೆ ಕಂಡರು.

ಭಾಗಮ್ಮನಿಗೆ ಎಪ್ಪತ್ತು ದಾಟಿದೆ. ಸಕ್ಕರೆ ಕಾಯಿಲೆ ಬಂದು ಬಹಳ ವರ್ಷಗಳಾದವು. ಮಗ ಗುರುಲಿಂಗನಿಗೆ ಊರಲ್ಲೇ ಬೀಜ, ಗೊಬ್ಬರ ಮತ್ತು ಬೆಳೆಯ ಹುಳಕ್ಕೆ ಹೊಡೆಯುವ ಎಣ್ಣೆಯ ಅಂಗಡಿ. ಮಗಳು ದೀಪಾಲಿಯನ್ನು ಹೈದರಾಬಾದಿಗೆ ಕೊಟ್ಟಿದ್ದಾರೆ. ಇಬ್ಬರಿಗೂ ತಾಯಿಯ ಮೇಲೆ ಜೀವ. ಆದರೆ ತಾಯಿಯ ಔಷಧದ ಮಾತು ಬಂದರೆ ಸಾಕು, ಅಣ್ಣ ತಂಗಿಗೆ ಜಗಳ.

ಗುರುಲಿಂಗ ತಾಯಿಯನ್ನು ಗಡಿಯಾಚೆಯ ಉಮರ್ಗಾದ ಡಾಕ್ಟರಿಗೆ ತೋರಿಸುತ್ತಿದ್ದ. ಕಳೆದ ಬೇಸಿಗೆಯಲ್ಲಿ ಮರಿಮಗುವಿನ ತೊಟ್ಟಿಲ ಶಾಸ್ತ್ರಕ್ಕೆಂದು ಭಾಗಮ್ಮ ಹೈದರಾಬಾದಿಗೆ ಹೋದಳು. ಆಗ ದೀಪಾಲಿ ಅಲ್ಲಿಯ ಒಬ್ಬ ದೊಡ್ಡ ಡಾಕ್ಟರಿಗೆ ತೋರಿಸಿದಳು. ಅವರು ಈಗ ಯಾವ ಗುಳಿಗೆ ನುಂಗುತ್ತೀರಿ ಎಂದು ಕೇಳಿದರು. ಭಾಗಮ್ಮ ಯಾವುದೂ ಇಲ್ಲ ಎಂದುಬಿಟ್ಟಳು. ಅವರು ಹೊಸ ಗುಳಿಗೆ ಬರೆದುಕೊಟ್ಟರು. ಉಮರ್ಗಾದ ಗುಳಿಗೆ ಬಿಟ್ಟುಬಿಡು, ಇವನ್ನೇ ನುಂಗು ಎಂದು ದೀಪಾಲಿ ತಾಕೀತು ಮಾಡಿ ಕಳಿಸಿದಳು.

ಈ ಸುದ್ದಿ ಗುರುಲಿಂಗನ ಕಿವಿಗೆ ಬಿತ್ತು. ಫೋನಿನಲ್ಲೇ ಜಗಳ ಆಯಿತು. ನಿನ್ನ ಹೈದರಾಬಾದಿನ ಡಾಕ್ಟರನ್ನು ನಿನ್ನ ಹತ್ತಿರವೇ ಇಟ್ಟುಕೋ ಎಂದು ಇವನು.

"ಹುಳಕ್ಕ ಎಣ್ಣಿ ಮಾರಿ ಮಾರಿ ನಮ್ಮಣ್ಣ ಈಗ ಮನಷಾರಿಗೂ ಡಾಕ್ಟರ್ ಆಗ್ಯಾನ" ಎಂದು ಅವಳು.

ಗುರುಲಿಂಗ ಫೋನ್ ಇಟ್ಟ. ಹೈದರಾಬಾದಿನ ಗುಳಿಗೆ ಈ ಮನೆಯಲ್ಲಿ ಕಾಣಬಾರದು ಎಂದು ತಾಯಿಗೆ ಹೇಳಿದ. ಭಾಗಮ್ಮ ಆಯ್ತಪ್ಪ ಎಂದಳು. ಅವಳು ಮಗಳಿಗೂ ಆಯ್ತವ್ವ ಎಂದೇ ಬಂದಿದ್ದಳು.

ಮುಂದೆ ಶ್ರಾವಣ ಬಂತು. ಸೋಮವಾರ ಭಾಗಮ್ಮನಿಗೆ ಒಪ್ಪತ್ತು. ಪೂಜೆ ಮುಗಿಸಿ, ಬೆಳಗಿನ ಗುಳಿಗೆ ನುಂಗಿ, ಬರೀ ಹೊಟ್ಟೆಯಲ್ಲಿ ಪಡಸಾಲೆಯಲ್ಲಿ ಕುಳಿತು ಬೇಳೆ ಆರಿಸುತ್ತಿದ್ದಳು. ಮೈಯೆಲ್ಲ ಬೆವರಿತು. ಕೈ ನಡುಗಿತು. ಸೊಸೆ ಸ್ನೇಹಲ್ ಏನಾಯಿತೆಂದು ಕೇಳಿದರೆ ಏನೋ ಒಂದಕ್ಕೊಂದು ಸಂಬಂಧವಿಲ್ಲದ ಮಾತು. ನೋಡನೋಡುತ್ತಲೇ ಪಕ್ಕಕ್ಕೆ ವಾಲಿದಳು. ನೆರೆಯವರು ಸೇರಿದರು. ಒಬ್ಬರು ಬಿಸಿಲು ಎಂದರು. ಇನ್ನೊಬ್ಬರು ಗಾಳಿ ಸೋಕಿದೆ ಎಂದರು. ಮತ್ತೊಬ್ಬರು ಪ್ರಜ್ಞೆ ಇಲ್ಲದವಳ ಬಾಯಿಗೆ ನೀರು ಹಾಕಲು ಹೋದರು. ಸ್ನೇಹಲ್ ಅವರ ಕೈ ಹಿಡಿದಳು. ಒಳ್ಳೆಯದಾಯಿತು. ಮೈಮೇಲೆ ಎಚ್ಚರವಿಲ್ಲದವರ ಬಾಯಿಗೆ ಹಾಕಿದ ನೀರು ಉಸಿರಿನ ಕೊಳವೆಗೆ ಇಳಿಯುತ್ತದೆ.

ಬಸವಕಲ್ಯಾಣದ ಆಸ್ಪತ್ರೆಗೆ ಒಯ್ದಾಗ ಅಲ್ಲಿ ಬೆರಳಿಗೆ ಚುಚ್ಚಿ ನೋಡಿದರು. ರಕ್ತದಲ್ಲಿ ಸಕ್ಕರೆ ತೀರ ಕೆಳಗೆ ಇಳಿದಿತ್ತು. ಗ್ಲುಕೋಸ್ ಹಚ್ಚಿ ಹುಮನಾಬಾದಿಗೆ ಕಳಿಸಿದರು. ಅಲ್ಲಿ ಹೆದ್ದಾರಿಯ ಪಕ್ಕ ಒಂದು ಟ್ರಸ್ಟಿನ ಆಸ್ಪತ್ರೆ ಇದೆ. ಸುತ್ತಲಿನ ಹಳ್ಳಿಯವರೆಲ್ಲ ಬರುವ ಆಸ್ಪತ್ರೆ, ಜೊತೆಗೆ ಕಲಿಸುವ ಆಸ್ಪತ್ರೆ. ಡಾಕ್ಟರ್ ಆಗುವವರು ಮಾತ್ರವಲ್ಲ, ಔಷಧದ ವಿದ್ಯೆಯಲ್ಲಿ, ಎಂದರೆ ಫಾರ್ಮಸಿಯಲ್ಲಿ, ಮೇಲಿನ ಪದವಿ ಪಡೆದವರೂ ಅಲ್ಲಿ ಉಳಿದು ತರಬೇತಿ ಪಡೆಯುತ್ತಾರೆ. ಅವರ ಕೆಲಸ ಕಿಟಕಿಯಲ್ಲಿ ಕುಳಿತು ಗುಳಿಗೆ ಕೊಡುವುದಲ್ಲ. ವಾರ್ಡಿಗೆ ಬಂದು ರೋಗಿ ಮನೆಯಲ್ಲಿ ಏನು ನುಂಗುತ್ತಾನೆ, ಯಾವ ಔಷಧಕ್ಕೆ ಯಾವುದು ಆಗುವುದಿಲ್ಲ, ಪ್ರಮಾಣ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ವಿಚಾರಿಸಿ ಡಾಕ್ಟರಿಗೆ ತಿಳಿಸುವುದು.

ಭಾಗಮ್ಮನ ವಾರ್ಡಿನಲ್ಲಿ ಆ ಕೆಲಸ ಖುಷ್ನುಮಾ ಎಂಬ ಹುಡುಗಿಯದು. ಹುಮನಾಬಾದಿನವಳೇ. ತರಬೇತಿಗೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಅವಳು ಬಂದು ಮನೆಯ ಗುಳಿಗೆಗಳ ವಿಷಯ ಕೇಳಿದಳು. ಉತ್ತರ ಕೊಟ್ಟವನು ಗುರುಲಿಂಗ. ಉಮರ್ಗಾದ್ದು ಒಂದೇ ಗುಳಿಗೆ, ದಿನಾ ನಾನೇ ಎದುರಿಗೆ ನಿಂತು ನುಂಗಿಸುತ್ತೇನೆ, ಇವಳು ಉಪವಾಸ ಮಾಡಿದ್ದಕ್ಕೆ ಹೀಗಾಯಿತು ಎಂದ. ಭಾಗಮ್ಮ ಸೀರೆಯ ಸೆರಗು ಸರಿಮಾಡಿಕೊಳ್ಳುತ್ತ ಮಲಗಿದ್ದಳು. ಖುಷ್ನುಮಾ ಅಷ್ಟನ್ನೇ ಡಾಕ್ಟರಿಗೆ ತಿಳಿಸಿದಳು. ಡಾಕ್ಟರು ಆ ಗುಳಿಗೆಯನ್ನು ನಿಲ್ಲಿಸಿದರು. ಸಂಜೆಗೆ ಭಾಗಮ್ಮ ಎದ್ದು ಕುಳಿತು ಗಂಜಿ ಕುಡಿದಳು.

ಮರುದಿನ ಉಪವಾಸ ಇರಲಿಲ್ಲ. ಭಾಗಮ್ಮ ಬೆಳಿಗ್ಗೆ ಇಡ್ಲಿ ತಿಂದಳು, ಮಧ್ಯಾಹ್ನ ಅನ್ನ ಸಾರು ಉಂಡಳು. ಆದರೂ ಸಂಜೆ ಮತ್ತೆ ಬೆವರಿ, ಮಾತು ತೊದಲಿ, ಸಕ್ಕರೆ ಇಳಿದುಹೋಯಿತು. ಮತ್ತೆ ಗ್ಲುಕೋಸ್ ಏರಿಸಿದರು. ಮೂತ್ರಪಿಂಡ ಪರೀಕ್ಷಿಸಿದರು, ದೋಷ ಕಾಣಲಿಲ್ಲ. ಗುಳಿಗೆ ನಿಲ್ಲಿಸಿದ ಮೇಲೂ ಯಾಕೆ ಹೀಗೆ ಎಂದು ಡಾಕ್ಟರು ಚಿಂತೆಗೆ ಬಿದ್ದರು.

ಖುಷ್ನುಮಾಳಿಗೆ ಕಲಿಸುವವರು ಸಂಘರತ್ನ ಎಂಬ ಹಿರಿಯರು. ಅವಳು ಕೇಳಿಕೊಂಡು ಬಂದದ್ದನ್ನೆಲ್ಲ ಅವರೆದುರು ಇನ್ನೊಮ್ಮೆ ಹೇಳಿದಳು. ಅವರು ಕೇಳಿದ್ದು ಒಂದೇ.

"ನೀ ಕೇಳಿದ್ದು ಮಗನಿಗಿ. ಗುಳಗಿ ನುಂಗೋರು ಯಾರವ್ವಾ?"

ಅವಳು ಮರಳಿ ವಾರ್ಡಿಗೆ ಬಂದಾಗ ಅಲ್ಲಿ ಬೇರೆಯೇ ಗದ್ದಲ. ಗುರುಲಿಂಗ ತಾಯಿಯನ್ನು ಸೊಲ್ಲಾಪುರದ ಆಸ್ಪತ್ರೆಗೆ ಒಯ್ಯಲು ಗಾಡಿ ಹೇಳಿಬಿಟ್ಟಿದ್ದ. ದಾರಿಯಲ್ಲಿ ಮತ್ತೆ ಸಕ್ಕರೆ ಇಳಿದರೆ ಜೀವಕ್ಕೆ ಅಪಾಯ, ಇನ್ನೊಂದು ದಿನ ಇರಲಿ ಎಂದು ಡಾಕ್ಟರು ಹೇಳಿದರೂ ಕೇಳಲಿಲ್ಲ. ತಾಯಿಯೊಡನೆ ಒಂಟಿಯಾಗಿ ಸ್ವಲ್ಪ ಮಾತಾಡಬೇಕು ಎಂದು ಖುಷ್ನುಮಾ ಕೇಳಿದ್ದೇ ತಡ, ಅವನು ಉರಿದುಬಿದ್ದ.

"ನೀವು ಇನ್ನಾ ಕಲಿಯಾಕತ್ತೀರಿ. ಕಲೀರಿ. ನಮ್ಮವ್ವನ ಮ್ಯಾಲ ಕಲಿಬ್ಯಾಡ್ರಿ."

ಇಡೀ ವಾರ್ಡು ತಿರುಗಿ ನೋಡಿತು. ಖುಷ್ನುಮಾಳ ಮುಖ ಕೆಂಪಾಯಿತು. ಆದರೆ ಅವಳು ಜಾಗ ಬಿಟ್ಟು ಕದಲಲಿಲ್ಲ.

"ಹೌದ್ರಿ ಅಣ್ಣಾರ, ಕಲಿಯಾಕತ್ತೀನಿ. ನಿನ್ನೆ ಆಯಿಗಿ ಕೇಳೂದು ಬಿಟ್ಟು ನಿಮಗ ಕೇಳ್ದೆ. ತಪ್ಪು ನಂದೇ ಅದ. ನಿಮ್ಮ ಗಾಡಿ ಬರೋತನಕ ಆಯಿ ಜೋಡಿ ಮಾತಾಡ್ತೀನಿ. ಆಮ್ಯಾಲ ನಿಮ್ಮ ಮರ್ಜಿ."

ತಪ್ಪು ಒಪ್ಪಿಕೊಂಡವರೊಡನೆ ಜಗಳ ಮುಂದುವರಿಯುವುದಿಲ್ಲ. ಗುರುಲಿಂಗ ಗೊಣಗುತ್ತ ಬಾಗಿಲ ಹೊರಗೆ ಹೋಗಿ ನಿಂತ.

ಖುಷ್ನುಮಾ ಸ್ಟೂಲು ಎಳೆದುಕೊಂಡು ಕುಳಿತಳು. ಗುಳಿಗೆಯ ಸುದ್ದಿ ಎತ್ತಲಿಲ್ಲ. ಮುಂಜಾನೆ ಎದ್ದು ಮೊದಲು ಏನು ಮಾಡುತ್ತೀರಿ, ಆಮೇಲೆ ಏನು, ಆಮೇಲೆ ಏನು ಎಂದು ದಿನವನ್ನೆಲ್ಲ ಕೇಳುತ್ತ ಹೋದಳು. ಸ್ನಾನ, ಪೂಜೆ, ಚಹಾ, ರೊಟ್ಟಿ. ಭಾಗಮ್ಮನಿಗೆ ಬೇಸರವಾಯಿತು.

"ನಿಂಗ ಮದಿವಿ ಆಗ್ಯಾದೇನವ್ವಾ?"

"ಇಲ್ಲ ಆಯಿ."

"ಇಷ್ಟು ಕೇಳಾಕತ್ರ ಯಾವ ಗಂಡ ತಾಳ್ತಾನ?"

ಇಬ್ಬರೂ ನಕ್ಕರು. ನಗುತ್ತಲೇ ಮಧ್ಯಾಹ್ನದ ಊಟದವರೆಗೆ ಬಂದರು. ಊಟವಾದ ಮೇಲೆ ಏನು ಎಂದು ಖುಷ್ನುಮಾ ಕೇಳಿದಳು.

"ಗುರು ಅಂಗಡಿಗಿ ಹೋದ ಮ್ಯಾಲ ದೀಪಾಲಿದು ನುಂಗ್ತೀನಿ" ಎಂದು ಭಾಗಮ್ಮನ ಬಾಯಿಂದ ಬಂದುಹೋಯಿತು.

ಹೇಳಿದವಳೇ ಬಾಗಿಲ ಕಡೆ ನೋಡಿದಳು. ಖುಷ್ನುಮಾ ಸ್ಟೂಲನ್ನು ಬಾಗಿಲಿಗೆ ಮರೆಯಾಗುವಂತೆ ಸರಿಸಿಕೊಂಡಳು. ಕೊನೆಗೆ ಭಾಗಮ್ಮ ದಿಂಬಿನ ಕೆಳಗಿನಿಂದ ಎಲೆ ಅಡಿಕೆಯ ಸಂಚಿ ತೆಗೆದಳು. ಸುಣ್ಣದ ಡಬ್ಬಿಯ ಹಿಂದೆ ಅರ್ಧ ಖಾಲಿಯಾದ ಗುಳಿಗೆಯ ಪಟ್ಟಿ ಇತ್ತು. ದೀಪಾಲಿ ಅವನ್ನು ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದಳು. ಪಕ್ಕದ ಮನೆಯ ಚಂದಮ್ಮ ಬಸವಕಲ್ಯಾಣಕ್ಕೆ ಸಂತೆಗೆ ಹೋದಾಗ ತಂದುಕೊಡುತ್ತಿದ್ದಳು. ಅಣ್ಣನಿಗೆ ಗೊತ್ತಾಗದಿರಲಿ ಎಂದು ಈ ದಾರಿ. ತಾಯಿ ಉಮರ್ಗಾದ ಗುಳಿಗೆ ಬಿಟ್ಟಿದ್ದಾಳೆ ಎಂದೇ ಮಗಳು ತಿಳಿದಿದ್ದಳು. ಹೈದರಾಬಾದಿನದು ಬಂದೇ ಇಲ್ಲ ಎಂದು ಮಗ ತಿಳಿದಿದ್ದ.

"ಇಲ್ಲಿ ಆಸ್ಪತ್ರ್ಯಾಗೂ ನುಂಗಿದ್ರೇನು ಆಯಿ?"

"ದಿನಾ ಫೋನ್ ಮಾಡಿ ಕೇಳ್ತಾಳ, ಅವ್ವ ನುಂಗಿದೇನು ಅಂತ. ಮಗಳಿಗಿ ಸುಳ್ಳು ಹ್ಯಾಂಗ ಹೇಳ್ಲಿ?"

ಗುರುಲಿಂಗನಿಗೆ ಮಾತ್ರ ಹೇಳಬೇಡ ಎಂದು ಭಾಗಮ್ಮ ಅವಳ ಕೈ ಹಿಡಿದುಕೊಂಡಳು. ಖುಷ್ನುಮಾ ಸುಳ್ಳು ಮಾತು ಕೊಡಲಿಲ್ಲ. ಡಾಕ್ಟರಿಗೆ ಈಗಲೇ ಹೇಳಬೇಕು, ಇದು ಜೀವದ ಪ್ರಶ್ನೆ ಎಂದಳು. ಮಗನಿಗೆ ನೀವೇ ಹೇಳಿ, ನಾನು ಪಕ್ಕದಲ್ಲಿ ನಿಂತಿರುತ್ತೇನೆ ಎಂದಳು.

ಡಾಕ್ಟರಿಗೆ ಸುದ್ದಿ ಹೋಯಿತು. ಸಂಘರತ್ನರು ಬಂದರು, ಗುರುಲಿಂಗನನ್ನೂ ಒಳಗೆ ಕರೆದರು. ಭಾಗಮ್ಮ ತಾನೇ ತೋರಿಸಿದ ಹೈದರಾಬಾದಿನ ಗುಳಿಗೆ ಕಂಡದ್ದೇ ಅವನು ತಂಗಿಗೆ ಬೈಯಲು ಫೋನ್ ತೆಗೆದ. ಸಂಘರತ್ನರು ಅದನ್ನೂ ಅವನೇ ಮನೆಯಿಂದ ತಂದಿದ್ದ ಉಮರ್ಗಾದ ಪಟ್ಟಿಯನ್ನೂ ಅವನ ಕೈಗಿಟ್ಟು, ಮೊದಲು ಇವನ್ನು ಓದಿ, ದೊಡ್ಡ ಅಕ್ಷರದ ಹೆಸರು ಬೇಡ, ಕೆಳಗಿನ ಸಣ್ಣ ಅಕ್ಷರ ಓದಿ ಎಂದರು. ಗುರುಲಿಂಗ ಚಸ್ಮಾ ಹಾಕಿಕೊಂಡ. ಒಂದನ್ನು ಓದಿದ. ಇನ್ನೊಂದನ್ನು ಓದಿದ. ಮತ್ತೆ ಮೊದಲನೆಯದನ್ನು ನೋಡಿದ. ಎರಡರಲ್ಲೂ ಗ್ಲಿಮೆಪಿರೈಡ್ ಎಂದೇ ಇತ್ತು.

ಇದನ್ನು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ತೊಗರಿಗೆ ಹುಳ ಬಿದ್ದಾಗ ರೈತರು ಎರಡು ಕಂಪನಿಯ ಎರಡು ಬಾಟಲಿ ಕೂಡಿಸಿ ಹೊಡೆಯುತ್ತಾರೆ. ಹೆಸರು ಬೇರೆ, ಒಳಗಿನ ಎಣ್ಣೆ ಒಂದೇ, ಬೆಳೆ ಸುಟ್ಟುಹೋಗುತ್ತದೆ ಎಂದು ಅವರಿಗೆ ಅಂಗಡಿಯಲ್ಲಿ ಕುಳಿತು ಬೈಯುವವನು ಅವನೇ.

"ಎರಡೂ ಒಂದೇ ಅದಾವ" ಎಂದ. ದನಿ ಇಳಿದಿತ್ತು. "ಅವ್ವ, ನಂಗ ಒಂದು ಮಾತು ಹೇಳಬಾರದಿತ್ತೇನು?"

ಭಾಗಮ್ಮ ಮಗನ ಮುಖ ನೋಡಿದಳು.

"ನೀನೂ ಕೊಟ್ಟಿ, ಆಕಿನೂ ಕೊಟ್ಟಾಳ. ನಾ ಯಾರದು ಒಲ್ಲೆ ಅನ್ಲಿ?"

ಗುರುಲಿಂಗ ಮಂಚದ ತುದಿಯಲ್ಲಿ ಕುಳಿತುಬಿಟ್ಟ. ಸೊಲ್ಲಾಪುರದ ಗಾಡಿ ಬಂದು ಹೊರಗೆ ಹಾರ್ನ್ ಮಾಡಿತು. ಅವನು ಎದ್ದು ಹೋಗಿ ಅದನ್ನು ವಾಪಸ್ ಕಳಿಸಿದ. ಆಮೇಲೆ ತಂಗಿಗೆ ಫೋನ್ ಮಾಡಿದ. ಬೈಯಲಿಲ್ಲ. ಅವ್ವ ಇಬ್ಬರದೂ ನುಂಗಿ ಹುಮನಾಬಾದಿನ ಆಸ್ಪತ್ರೆಯಲ್ಲಿದ್ದಾಳೆ ಎಂದಷ್ಟೇ ಹೇಳಿದ. ಮರುದಿನ ಮೊದಲ ಬಸ್ಸಿಗೆ ದೀಪಾಲಿ ಹುಮನಾಬಾದಿನಲ್ಲಿ ಇಳಿದಳು.

ಆ ಗುಳಿಗೆಯ ಗುಣ ಮೈಯಿಂದ ಇಳಿಯುವವರೆಗೆ ಭಾಗಮ್ಮನನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡು ನೋಡಿದರು. ಸಕ್ಕರೆ ಮತ್ತೆ ಇಳಿಯಲಿಲ್ಲ. ಡಾಕ್ಟರು ಅವಳ ವಯಸ್ಸಿಗೆ ತಾಳುವ ಬೇರೆ ಔಷಧ ಬರೆದರು. ಖುಷ್ನುಮಾ ಅಣ್ಣ ತಂಗಿ ಇಬ್ಬರನ್ನೂ ಕೂರಿಸಿಕೊಂಡು, ಭಾಗಮ್ಮನಿಗೇ ಮುಖ ಕೊಟ್ಟು, ಯಾವುದನ್ನು ಯಾವಾಗ ನುಂಗಬೇಕು, ಒಪ್ಪತ್ತಿನ ದಿನ ಏನು ಮಾಡಬೇಕು ಎಂದು ಹೇಳಿದಳು. ಎಲ್ಲ ಮುಗಿದ ಮೇಲೆ ಗುರುಲಿಂಗ ಖುಷ್ನುಮಾಳಿಗೆ, ಅವತ್ತು ಬಾಯಿಗೆ ಬಂದಂತೆ ಮಾತಾಡಿದೆ ತಂಗಿ ಎಂದ. ಅವಳು ಅದನ್ನು ಬಿಡಿ ಎಂದಳು. ಮನೆಯಲ್ಲಿ ಉಳಿದ ಹಳೆಯ ಗುಳಿಗೆಗಳನ್ನೆಲ್ಲ ಮುಂದಿನ ಸಲ ತಪ್ಪದೆ ತನ್ನಿ, ಒಂದನ್ನೂ ಬಚ್ಚಿಡಬೇಡಿ ಎಂದಳು.

ಓದುವವರೇ, ಕೇಳುವವರೇ, ನಿಮಗೂ ಅದನ್ನೇ ಹೇಳುವುದು. ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಗುಳಿಗೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಉಮರ್ಗಾದ್ದಿರಲಿ, ಬೀದರದ್ದಿರಲಿ, ನಾಟಿ ಔಷಧವಿರಲಿ, ಯಾವುದನ್ನೂ ಬಿಡಬೇಡಿ. ಪಟ್ಟಿಯ ಮೇಲೆ ಹೆಸರಿರುವ ಭಾಗ ಹರಿಯಬೇಡಿ. ಸಕ್ಕರೆ ಕಾಯಿಲೆಯವರು ಬೆವರಿ ನಡುಗಿದರೆ, ಎಚ್ಚರವಿದ್ದಾಗ ತಕ್ಷಣ ಸಕ್ಕರೆ ತಿನ್ನಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಿ. ನಿಮ್ಮಷ್ಟಕ್ಕೆ ನೀವೇ ಗುಳಿಗೆ ಬಿಡಲೂ ಬೇಡಿ, ಕೂಡಿಸಲೂ ಬೇಡಿ. ಕಲಿಯುವ ಹುಡುಗಿ ಬಂದು ಪ್ರಶ್ನೆ ಕೇಳಿದರೆ ಹೊತ್ತು ಹಾಳು ಎನ್ನಬೇಡಿ. ಅವಳು ಕೇಳುವುದು ನಿಮ್ಮವರ ಜೀವಕ್ಕಾಗಿ.

ಮಕ್ಕಳಿಗೆ ಇನ್ನೊಂದು ಮಾತು, ಖಾರವಾದರೂ ಹೇಳಲೇಬೇಕು. ತಾಯಿ ತಂದೆಗೆ ಔಷಧ ಕೊಡಿಸುವುದು ನಿಮ್ಮ ನಿಮ್ಮ ಪಂದ್ಯವಲ್ಲ. ಅಣ್ಣ ತಂಗಿ ಮೊದಲು ನೀವು ನೀವೇ ಮಾತಾಡಿಕೊಳ್ಳಿ. ಆಸ್ಪತ್ರೆಯಲ್ಲಿ ಅವರನ್ನು ಪ್ರಶ್ನೆ ಕೇಳಿದಾಗ ನೀವು ಬಾಯಿ ಹಾಕಬೇಡಿ. ಹೊರಗೆ ಹೋಗಿ ನಿಲ್ಲಿ. ನುಂಗುವವರು ಅವರು, ಹೇಳುವವರೂ ಅವರೇ ಆಗಲಿ.