ಬದಲಿ ಜಾಗ

ನಮ್ಮದು ಚಿಕ್ಕ ಹಡಗು. ಪ್ರಯಾಣಿಕರು ಇಪ್ಪತ್ತೆರಡು ಜನ, ಕೆಲಸದವರು ಹನ್ನೊಂದು ಜನ. ದೊಡ್ಡ ಹಡಗುಗಳು ಹತ್ತಿರ ಸುಳಿಯಲಾಗದ, ಮನುಷ್ಯರೇ ಇಲ್ಲದ ದ್ವೀಪಗಳಿಗೆ ಹತ್ತು ದಿನದ ಸುತ್ತು ಹೊಡೆಸಿ ವಾಪಸು ತಂದು ಬಿಡುತ್ತೇವೆ. ಊಟದ ಕೋಣೆಯ ಗೋಡೆಗೆ ಒಂದು ಬಿಳಿ ಹಲಗೆ ಇದೆ. ಸಂಜೆ ಆರಕ್ಕೆ ಅದರ ಮುಂದೆ ನಿಂತು, ನಾಳೆ ಯಾವ ದ್ವೀಪ, ರಬ್ಬರ್ ದೋಣಿ ಎಷ್ಟು ಗಂಟೆಗೆ ಇಳಿಯುತ್ತದೆ, ಎಲ್ಲಿ ನೀರಿಗೆ ಮುಖವಿಟ್ಟು ಹವಳ ನೋಡಬಹುದು ಎಂದು ಬರೆದು ಹೇಳುವುದು ನನ್ನ ಕೆಲಸ. ಹಲಗೆಯ ಕೆಳಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಇರುತ್ತದೆ: ಬದಲಿ ಜಾಗ. ಗಾಳಿ ತಿರುಗಿದರೆ, ನೀರು ಕದಡಿದರೆ ಅಲ್ಲಿಗೆ ಹೋಗುತ್ತೇವೆ.

ನಾನು ಓದಿದ್ದು ಏಳನೇ ಕ್ಲಾಸು. ಎಂಜಿನ್ ಕೋಣೆಯಲ್ಲಿ ಎಣ್ಣೆ ಒರೆಸಲು ಈ ಹಡಗು ಹತ್ತಿದವನು, ಪ್ರಯಾಣಿಕರು ಬಿಟ್ಟುಹೋದ ಪುಸ್ತಕಗಳಿಂದ ಮೀನಿನ ಹೆಸರು, ಹವಳದ ಜಾತಿ ಎಲ್ಲ ಬಾಯಿಪಾಠ ಮಾಡಿಕೊಂಡೆ. ಅದಕ್ಕೇ ಹಡಗಿನವರು ನನ್ನನ್ನು ಮೇಷ್ಟ್ರು ಎನ್ನುತ್ತಾರೆ. ಮೊದಲು ಗೇಲಿಗೆ ಅಂದರು, ಆಮೇಲೆ ಅದೇ ರೂಢಿಯಾಯಿತು.

ದೀಪಸ್ತಂಭ ಇರುವ ದ್ವೀಪದ ಪೂರ್ವಕ್ಕೆ ನಮ್ಮ ಸುತ್ತಿನಲ್ಲೇ ಅತಿ ಚೆಂದದ ಹವಳದ ದಿಬ್ಬ ಇತ್ತು. ಒಂದು ಬೇಸಿಗೆ ಆರು ವಾರ ಸಮುದ್ರ ಕಾದ ನೀರಿನಂತೆ ಬೆಚ್ಚಗಾಯಿತು. ಹವಳ ಮೊದಲು ಬೆಳ್ಳಗಾಯಿತು, ಆಮೇಲೆ ಪಾಚಿ ಹತ್ತಿ ಬೂದು ಬಣ್ಣಕ್ಕೆ ತಿರುಗಿತು. ಆದರೂ ಹಲಗೆಯ ಮೇಲೆ ಪೂರ್ವ ಎಂದೇ ಬರೆಯುತ್ತಿದ್ದೆ, ಏಕೆಂದರೆ ಕಂಪನಿಯ ಪುಸ್ತಿಕೆಯ ಮುಖಪುಟದಲ್ಲಿ ಅದರದೇ ಹಳೆಯ ಫೋಟೋ ಇತ್ತು. ಬೆಳಗ್ಗೆ ಎದ್ದು, "ಪೂರ್ವದ ಕಡೆ ಇವತ್ತು ನೀರು ಸರಿ ಇಲ್ಲ" ಎಂದು ಮುಖ ಸಪ್ಪಗೆ ಮಾಡಿ ಎಲ್ಲರನ್ನೂ ಪಶ್ಚಿಮಕ್ಕೆ ಕರೆದೊಯ್ಯುತ್ತಿದ್ದೆ. ಅಲ್ಲಿ ಇನ್ನೂ ಜೀವವಿತ್ತು. ಯಾರೂ ಏನೂ ಕೇಳುತ್ತಿರಲಿಲ್ಲ. ಕೇಳುವುದಾದರೂ ಹೇಗೆ? ನಮ್ಮ ಸುತ್ತಿಗೆ ಬರುವವರೆಲ್ಲ ಮೊದಲ ಸಲ ಬರುವವರು. ಎರಡನೇ ಸಲ ಯಾರೂ ಬರುವುದಿಲ್ಲ.

ಆ ಸಲ ಒಬ್ಬರು ಬಂದಿದ್ದರು.

ಅರವತ್ತೆಂಟು ವರ್ಷದ ಹೆಂಗಸು, ಒಂಟಿಯಾಗಿ ಬಂದಿದ್ದರು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಲೈನು ಕೂಡಿಸಿ ರಿಟೈರ್ ಆದವರು. ಎರಡನೇ ದಿನಕ್ಕೇ ಅಡುಗೆಮನೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕುಳಿತು, ಅಡುಗೆಯವನ ಈರುಳ್ಳಿ ಸುಲಿದುಕೊಡುತ್ತ, ಅವನ ಹೆಂಡತಿ ಮುನಿಸಿಕೊಂಡು ತವರಿಗೆ ಹೋಗಿರುವ ವಿಷಯದವರೆಗೆ ಎಲ್ಲ ತಿಳಿದುಕೊಂಡಿದ್ದರು. ನಾನು ಚಹಾಕ್ಕೆ ಹೋದಾಗ ಕೇಳಿದರು.

"ಮೇಷ್ಟ್ರೇ, ನಾಡಿದ್ದು ದೀಪದ ದ್ವೀಪ ಅಲ್ವಾ?"

"ಹೌದಮ್ಮ."

"ಪೂರ್ವದ ಕಡೆ ಒಂದು ದಪ್ಪ ಗುಂಡು ಹವಳ ಇದೆ. ಎತ್ತು ಮಲಗಿರೋ ಹಾಗೆ. ನಡುವೆ ಒಂದು ಸೀಳು. ಅದನ್ನ ನನಗೆ ತೋರಿಸ್ಬೇಕು ನೀನು."

ಲೋಟ ಬಾಯಿಗೆ ಹೋಗುತ್ತಿದ್ದದ್ದು ಅಲ್ಲೇ ನಿಂತಿತು. "ನಿಮಗೆ ಹೇಗೆ ಗೊತ್ತು?"

"ನಮ್ಮಪ್ಪ ಅಲ್ಲಿ ದೀಪ ನೋಡ್ಕೊಳ್ಳೋರು. ಮೂರು ವರ್ಷ ಇದ್ವಿ, ನಾಲ್ಕೇ ಜನ. ನನಗೆ ಹತ್ತು, ತಂಗಿಗೆ ಏಳು. ಇಳಿತದ ಹೊತ್ತಲ್ಲಿ ಆ ಹವಳದ ಮೇಲೆ ನಿಂತು ಏಡಿ ನೋಡ್ತಿದ್ವಿ. ಒಂದಿನ ಅವಳ ಕಾಲು ಆ ಸೀಳಲ್ಲಿ ಸಿಕ್ಕಾಕ್ಕೊಂಡ್ತು. ಎಳೆದ್ರೆ ಬರಲ್ಲ. ನೀರು ಏರ್ತಾ ಇದೆ. ಮೊಣಕಾಲು ಆಯ್ತು, ಸೊಂಟ ಆಯ್ತು. ನಾನು ಅವಳ ಗಲ್ಲ ಎತ್ತಿ ಹಿಡ್ಕೊಂಡು ಅಪ್ಪಾ ಅಪ್ಪಾ ಅಂತ ಕೂಗಿದ್ದೇ ಕೂಗಿದ್ದು. ಅಪ್ಪ ದೋಣಿ ತರೋ ಹೊತ್ತಿಗೆ ನನ್ನ ಬಾಯಿಗೂ ನೀರು ಬಂದಿತ್ತು."

"ಬಿಟ್ಟು ಓಡ್ಲಿಲ್ವಲ್ಲ ನೀವು," ಎಂದ ಅಡುಗೆಯವನು.

"ಅದೇ ಮಾತು. ಆವತ್ತು ಬಿಟ್ಟು ಹೋಗ್ಲಿಲ್ಲ. ಅದನ್ನ ಅವಳಿಗೆ ನೆನಪು ಮಾಡ್ಬೇಕು."

ಉಳಿದದ್ದನ್ನು ಅವರು ಈರುಳ್ಳಿ ಕಡೆ ನೋಡುತ್ತ ಹೇಳಿದರು. ಅಮ್ಮ ಆಸ್ಪತ್ರೆಯಲ್ಲಿದ್ದಾಗ ತಂಗಿ ಫೋನು ಮಾಡಿ ಬಾ ಎಂದಳು. ಇವರು, ಹೊರಟಿದ್ದೀನಿ, ರೈಲಲ್ಲಿದ್ದೀನಿ ಎಂದರು. ಆಗಿನ್ನೂ ಮನೆಯಲ್ಲೇ ಬಟ್ಟೆ ಮಡಚುತ್ತಿದ್ದರು. ಮಾರನೇ ದಿನ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ತಂಗಿ ಹನ್ನೊಂದು ವರ್ಷದಿಂದ ಮಾತಾಡಿಲ್ಲ. ಈಗ ಸೊಂಟ ಮುರಿದುಕೊಂಡು ಮಲಗಿದ್ದಾಳೆ.

"ಸುಮ್ಮನೆ ಅಂದ ಮಾತು ಅದು, ಅವಳಿಗೆ ಧೈರ್ಯ ಬರ್ಲಿ ಅಂತ. ಅವಳು ಅಂದಳು, ನೀನು ಬರೋಳಲ್ಲ, ಬಂದೆ ಅಂತ ಹೇಳೋಳು ಅಂತ. ಅದಕ್ಕೇ ಆ ಸೀಳಿನ ಪಕ್ಕ ನಿಂತು ವಿಡಿಯೋ ಮಾಡಿಸಿ ಕಳಿಸ್ಬೇಕು. ಬೇರೆ ಏನೂ ಬರೆಯಲ್ಲ. ಅಷ್ಟು ಸಾಕು, ಅವಳಿಗೆ ಅರ್ಥ ಆಗುತ್ತೆ. ಬೇಗ ಆಗ್ಬೇಕು ಮೇಷ್ಟ್ರೇ, ನನ್ನ ಕಣ್ಣಿನ ನರ ಒಣಗ್ತಾ ಇದೆಯಂತೆ. ಹೆಚ್ಚಂದ್ರೆ ಒಂದು ವರ್ಷ ಅಂದಿದಾರೆ."

ನಾನು ನೇರ ಹಡಗಿನ ಯಜಮಾನರ ಹತ್ತಿರ ಹೋಗಿ ವಿಷಯ ಹೇಳಿದೆ. ಕ್ಯಾಪ್ಟನ್ನರನ್ನು ನಾವು ಯಜಮಾನರೆಂದೇ ಕರೆಯುವುದು. ಅವರು ನಕ್ಷೆಯಿಂದ ತಲೆಯೆತ್ತಲಿಲ್ಲ.

"ಜನ ವರ್ಷವೆಲ್ಲ ದುಡಿದು ಹತ್ತು ದಿನ ರಜಾ ಹಾಕಿ ಬರ್ತಾರೆ. ಅವರನ್ನ ಸಾವಿನ ಮನೆಗೆ ಕರ್ಕೊಂಡು ಹೋಗ್ತೀಯೇನಯ್ಯ? ಪಶ್ಚಿಮದಲ್ಲೂ ಗುಂಡು ಹವಳ ಇದೆಯಲ್ಲ."

"ಸೀಳಿಲ್ಲ ಸರ್ ಅದಕ್ಕೆ."

"ಐವತ್ತೆಂಟು ವರ್ಷ ಆಯ್ತು. ಬೆಳೆದು ಮುಚ್ಕೊಂಡಿದೆ ಅನ್ನು. ನೀನೇ ಮೇಷ್ಟ್ರು, ನಾನು ಹೇಳಿಕೊಡ್ಬೇಕಾ?"

ರಬ್ಬರ್ ದೋಣಿ ಓಡಿಸುವವನನ್ನು ಹಡಗಿನಲ್ಲಿ ಎಲ್ಲರೂ ಮಾವ ಎನ್ನುತ್ತಾರೆ, ಅವನಿಗಿಂತ ಹಿರಿಯರೂ ಸಹ. ಅವನಿಗೆ ಹೇಳಿದಾಗ ಪೆಟ್ರೋಲ್ ಪೈಪು ಬಿಚ್ಚುತ್ತಿದ್ದವನು ಒಂದೇ ಮಾತು ಅಂದ.

"ಅವರನ್ನೇ ಕೇಳಿ ನೋಡು. ಸತ್ತಿದೆ, ನೋಡ್ತೀರಾ ಅಂತ."

"ನಿನಗೇನು ಗೊತ್ತು ಮಾವ, ಆ ಜೀವ ಕುಸಿದು ಹೋಗುತ್ತೆ."

"ನನಗೇನೂ ಗೊತ್ತಿಲ್ಲಪ್ಪ. ನಾನು ದೋಣಿಯವನು. ನೀನು ಮೇಷ್ಟ್ರು."

ಯಜಮಾನರ ಅಪ್ಪಣೆ ಎಂದು ಈಗ ತಪ್ಪಿಸಿಕೊಳ್ಳಬಹುದು. ನಿಜ ಹೇಳಬೇಕೆಂದರೆ, ಆ ಹೆಂಗಸಿನ ಮುಖದಲ್ಲಿ ಸಂತೋಷ ನೋಡಬೇಕು ಎಂಬ ಆಸೆ ನನ್ನದೇ. ಹದಿನಾರು ವರ್ಷ ಜನಕ್ಕೆ ಚೆಂದದ್ದನ್ನು ತೋರಿಸಿ ತೋರಿಸಿ, ಚೆಂದದ್ದನ್ನು ತೋರಿಸುವುದೇ ಒಳ್ಳೆಯತನ ಎಂದುಕೊಂಡುಬಿಟ್ಟಿದ್ದೆ.

ದೀಪದ ದ್ವೀಪ ತಲುಪಿದ ಬೆಳಗ್ಗೆ ಒಂಬತ್ತಕ್ಕೆ, ಉಳಿದವರಿಗಿಂತ ಮೊದಲು ಆ ಹೆಂಗಸೊಬ್ಬರಿಗೇ ದೋಣಿ ಇಳಿಸಿದೆವು. ಈ ಸಲ "ನೀರು ಸರಿ ಇಲ್ಲ" ಎಂದೂ ಅನ್ನಲಿಲ್ಲ. ಪೂರ್ವ ಎಂದು ಹೇಳಿಯೇ ಪಶ್ಚಿಮಕ್ಕೆ ಕರೆದುಕೊಂಡು ಹೋದೆ. ಅವರು ಕೈಯನ್ನು ಹಣೆಗೆ ಅಡ್ಡ ಹಿಡಿದು ದ್ವೀಪದ ಕಡೆ ನೋಡಿದರು. ಅವರಿಗೆ ಬಿಳಿ ಕಂಬ ಮಸುಕಾಗಿ ಕಂಡಿರಬೇಕು.

"ದೀಪದ ಕಂಬ ಬಲಗಡೆ ಇರ್ಬೇಕಿತ್ತಲ್ಲ?"

"ದೋಣಿ ತಿರುಗಿದೆ ಅಮ್ಮ, ಅದಕ್ಕೆ ಹಾಗೆ ಕಾಣುತ್ತೆ."

ಮಾವ ಎಂಜಿನ್ನಿನ ಕಡೆ ಮುಖ ತಿರುಗಿಸಿಕೊಂಡ.

ತೇಲುವ ಜಾಕೆಟ್ಟು ಕಟ್ಟಿ, ಮುಖವಾಡದ ಗಾಜಿಗೆ ಉಗುಳು ಸವರಿ ತೊಳೆದು ಹಾಕಿ, ಕೈ ಹಿಡಿದು ನೀರಿಗಿಳಿಸಿದೆ. ಹವಳದ ಮೇಲೆ ನೀಲಿ ಮೀನುಗಳು ಕೈ ತುಂಬ ಎಸೆದ ಹಾಗೆ ಚದುರಿದವು. ಗುಂಡು ಹವಳ ಕಂದು ಹಸಿರಾಗಿ, ಸೊಂಪಾಗಿ ಕುಳಿತಿತ್ತು. ಅವರು ಅದರ ಸುತ್ತ ಎರಡು ಸುತ್ತು ಬಂದರು, ತಲೆ ಮೇಲೆತ್ತಿ ಉಸಿರಾಡುವ ಕೊಳವೆಯನ್ನು ಬಾಯಿಂದ ತೆಗೆದರು.

"ಸೀಳೆಲ್ಲಿ ತಮ್ಮಾ?"

ಅಲ್ಲಿಯತನಕ ಮೇಷ್ಟ್ರೇ ಎನ್ನುತ್ತಿದ್ದವರು ನೀರಿನಲ್ಲಿ ತಮ್ಮಾ ಎಂದರು.

"ಹವಳ ಬೆಳೆಯುತ್ತಲ್ಲಮ್ಮ. ಇಷ್ಟು ವರ್ಷದಲ್ಲಿ ಸೇರ್ಕೊಂಡಿದೆ. ಗಾಯ ಮಾಯ್ದ ಹಾಗೆ."

ಗಾಯ ಮಾಯ್ದ ಹಾಗೆ. ಅದನ್ನು ನಾನೇ ಸೇರಿಸಿದ್ದು, ಯಜಮಾನರು ಹೇಳಿಕೊಟ್ಟಿದ್ದಲ್ಲ. ಆ ಮಾತು ಅವರಿಗೆ ಎಷ್ಟು ಹಿಡಿಸಿತೆಂದರೆ, ಗಾಜಿನೊಳಗೆ ಕಣ್ಣು ತುಂಬಿ ಮುಖವಾಡ ತೆಗೆದು ಮತ್ತೆ ತೊಳೆಯಬೇಕಾಯಿತು. ವಿಡಿಯೋ ಮಾಡಿದೆ. ದೋಣಿಯಲ್ಲಿ ಟವೆಲ್ ಸುತ್ತಿಕೊಂಡು ಕುಳಿತು, ಮಾವನಿಗೂ ನನಗೂ ತಮ್ಮ ಚೀಲದ ಬಿಸ್ಕತ್ತು ಹಂಚಿದರು. ಮಾವ ಬೇಡ ಎಂದ. ಹಲ್ಲು ನೋವು ಎಂದ. ಇಳಿಯುವ ದಿನ ಅವರು ನನ್ನ ನಂಬರು ಬರೆದುಕೊಂಡು ಹೋದರು.

ಮೂರು ವಾರದ ಮೇಲೆ ಫೋನು ಬಂತು. ಆ ವರ್ಷದ ಸುತ್ತುಗಳು ಮುಗಿದು, ಹಡಗನ್ನು ಯಾರ್ಡಿನಲ್ಲಿ ಮೇಲೆಳೆದು ತಳ ಕೆರೆಯುತ್ತಿದ್ದರು. ನಾನು ಟೈರ್ ಅಂಗಡಿಯ ಮೇಲಿನ ನನ್ನ ಬಾಡಿಗೆ ಕೋಣೆಯಲ್ಲಿ ಶರ್ಟಿಗೆ ಇಸ್ತ್ರಿ ಮಾಡುತ್ತಿದ್ದೆ.

"ತಮ್ಮಾ, ವಿಡಿಯೋ ನೋಡಿ ತಂಗಿ ಉತ್ತರ ಬರೆದಿದಾಳೆ. ಓದ್ತೀನಿ ಕೇಳು. 'ಅಮ್ಮನ ಹತ್ರ ಬಂದ ಹಾಗೇ ಅಲ್ಲಿಗೂ ಹೋಗಿದ್ದೀಯ.' ಅಷ್ಟೇ."

ನಾನು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟೆ.

"ಒಂದು ಕೇಳ್ತೀನಿ. ನಾವು ಆವತ್ತು ಹೋಗಿದ್ದು ಪೂರ್ವಕ್ಕಾ?"

ಕೆಳಗೆ ಅಂಗಡಿಯಲ್ಲಿ ಗಾಳಿ ತುಂಬುವ ಯಂತ್ರ ಓಡಿ ನಿಂತಿತು.

"ಸರಿ ಬಿಡು," ಎಂದರು. "ಮೂವತ್ತು ವರ್ಷ ಜನರ ಮೌನ ಕೇಳಿದೀನಿ ನಾನು. ಉತ್ತರ ಬಂತು."

"ಅಮ್ಮಾ, ಅದು ಸತ್ತುಹೋಗಿದೆ. ಎರಡು ವರ್ಷ ಆಯ್ತು. ನಿಮಗೆ ನೋವಾಗುತ್ತೆ ಅಂತ..."

"ನನ್ನ ತಂಗಿಗೂ ಹೀಗೇ ಹೇಳಿದ್ದೆ ನಾನು, ಧೈರ್ಯ ಬರ್ಲಿ ಅಂತ." ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. "ಅವಳ ನಂಬರು ಕೊಡ್ತೀನಿ. ನೀನೇ ಹೇಳು, ಮೋಸ ಮಾಡಿದ್ದು ನಾನಲ್ಲ ಅಂತ."

ಮಾರನೇ ಬೆಳಗ್ಗೆ ತಂಗಿಗೆ ಫೋನು ಮಾಡಿದೆ. ಅವರ ದನಿಯೂ ಅಕ್ಕನದೇ, ಆದರೆ ಅಂಚು ಹರಿತ. ನಡೆದದ್ದನ್ನೆಲ್ಲ ಹೇಳಿದೆ.

"ಎಷ್ಟು ದಿನ ತಾಲೀಮು ಕೊಟ್ಟಳು ನಿನಗೆ?"

"ಅಯ್ಯೋ, ಇಲ್ಲಮ್ಮ, ನಾನಾಗೇ..."

"ನೀನು ಹೇಳೋ ಪ್ರಕಾರ ಅಕ್ಕನಿಗೆ ಸುಳ್ಳು ಹೇಳಿದೋನು ನೀನು. ಅಂದ್ಮೇಲೆ ನಿನ್ನ ಮಾತು ನಾನ್ಯಾಕೆ ನಂಬ್ಲಿ? ಇಲ್ಲ ಅಂದ್ರೆ ನಿನ್ನ ಕೈಲಿ ಇದನ್ನ ಹೇಳಿಸ್ತಿರೋಳು ಅವಳು. ಹೇಗೆ ನೋಡಿದ್ರೂ ಅಲ್ಲಿಗೇ ಬಂತು. ಇಡಪ್ಪ ಫೋನು."

ಆ ಲೆಕ್ಕದಲ್ಲಿ ತಪ್ಪು ಹುಡುಕಲು ನನ್ನ ಕೈಲಾಗಲಿಲ್ಲ. ತೋರಿಸುವುದೊಂದೇ ದಾರಿ. ಆದರೆ ದೀಪದ ದ್ವೀಪಕ್ಕೆ ಬಸ್ಸಿಲ್ಲ. ಬಿರುಗಾಳಿ ತಿಂಗಳುಗಳು ಕಳೆದು ಹಡಗು ಮತ್ತೆ ನೀರಿಗಿಳಿಯಲು ಏಳು ತಿಂಗಳು. ನಡುವೆ ನಾಲ್ಕು ಸಲ ಅಕ್ಕನಿಗೆ ಫೋನು ಮಾಡಿದೆ. ಮೊದಲೆರಡು ಸಲ ಎತ್ತಿ, "ಚೆನ್ನಾಗಿದೀನಪ್ಪ, ಊಟ ಆಯ್ತಾ" ಎಂದರು. ಆಮೇಲೆ ಎತ್ತಲಿಲ್ಲ. ಕೋಪವೇನೋ ಎಂದುಕೊಂಡೆ.

ಮೊದಲ ಸುತ್ತಿನಲ್ಲೇ, ಯಜಮಾನರಿಗೆ ಹೇಳಿ, ಪ್ರಯಾಣಿಕರು ತಿಂಡಿಗೆ ಕೂರುವ ಮುನ್ನ ಮಾವನ ಜೊತೆ ದೋಣಿ ಇಳಿಸಿದೆ. ಯಜಮಾನರು "ಏನಾದ್ರೂ ಮಾಡ್ಕೊ, ಎಂಟಕ್ಕೆ ವಾಪಸ್ಸಿರು" ಎಂದರು ಅಷ್ಟೆ. ಪೂರ್ವದಲ್ಲಿ ನೀರು ತಿಳಿಯಾಗಿತ್ತು. ತಿಳಿಯಾಗಿದ್ದದ್ದೇ ಕಷ್ಟವಾಯಿತು, ಎಲ್ಲ ಕಾಣುತ್ತಿತ್ತು. ಕವಲು ಹವಳಗಳು ಮುರಿದು, ಒಡೆದ ಬಳಪದ ರಾಶಿಯಂತೆ ಬಿದ್ದಿದ್ದವು. ಗುಂಡು ಹವಳ ಬೂದು ಬಣ್ಣದ್ದು, ಮೈತುಂಬ ಪಾಚಿಯ ನವಿರು. ನಡುವೆ ಸೀಳು, ಅವರು ಹೇಳಿದ ಹಾಗೇ, ಮಗುವಿನ ಪಾದ ಹೋಗುವಷ್ಟು. ದೀಪದ ಕಂಬ ಬಲಗಡೆ ಇತ್ತು. ನೀರಿನ ಮೇಲಿಂದ ಕಂಬವನ್ನು ತೋರಿಸಿ, ಹಾಗೇ ಕೆಳಗಿಳಿದು ಸೀಳಿನವರೆಗೆ, ನಡುವೆ ನಿಲ್ಲಿಸದೆ ಒಂದೇ ವಿಡಿಯೋ ಮಾಡಿದೆ. ಬಂದರಿಗೆ ಬಂದವನೇ ತಂಗಿಗೆ ಕಳಿಸಿದೆ.

ನಾಲ್ಕು ದಿನ ಸದ್ದಿಲ್ಲ. ಐದನೇ ದಿನ ಮಧ್ಯಾಹ್ನ, ಗೋದಾಮಿನಲ್ಲಿ ಜಾಕೆಟ್ಟುಗಳನ್ನು ಒಣಹಾಕುತ್ತಿದ್ದಾಗ, ಅಕ್ಕನ ನಂಬರಿನಿಂದ ಫೋನು ಬಂತು. ಮಾತಾಡಿದ್ದು ತಂಗಿ.

"ಅದೇ ಅದು," ಎಂದರು. "ನನ್ನ ಪಾದದಲ್ಲಿ ಇನ್ನೂ ಗುರುತಿದೆ. ಕೋಲು ಹಿಡ್ಕೊಂಡು ಬಸ್ಸು ಹತ್ತಿ ಬಂದೆ. ಅಕ್ಕನ ಮನೇಲಿದೀನಿ." ಆಮೇಲೆ ದನಿ ತಗ್ಗಿಸಿದರು. "ಇವಳಿಗೆ ಕಣ್ಣು ಪೂರ್ತಿ ಹೋಗಿದೆ ಕಣಪ್ಪ. ನಾಲ್ಕು ತಿಂಗಳಾಯ್ತಂತೆ. ಫೋನು ಎಲ್ಲಿದೆ ಅಂತ ತಡಕಾಡೋ ಹೊತ್ತಿಗೆ ನಿಂತುಹೋಗುತ್ತಂತೆ."

ಕೈಯಲ್ಲಿದ್ದ ಜಾಕೆಟ್ಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅದನ್ನು ಎಲ್ಲಿಡಬೇಕೆಂದು ತೋಚಲಿಲ್ಲ.

"ವಿಡಿಯೋಲಿ ಏನಿದೆ ಹೇಳು ಹೇಳು ಅಂತಿದಾಳೆ. ಏನು ಹೇಳ್ಲಿ? ಹಸಿರಿದೆ, ಮೀನಿದೆ ಅಂತ ಹೇಳಿದ್ರೆ ಈಗ ಯಾರು ನೋಡೋಕೆ ಬರ್ತಾರೆ? ನನಗೇ ಬಾಯಿಗೆ ಬಂದುಬಿಡ್ತು ಇನ್ನೇನು. ಆಮೇಲೆ, ನಾನೂ ಶುರು ಮಾಡ್ಬೇಕಾ ಇದನ್ನ, ಅನ್ನಿಸ್ತು. ನೀನು ನೋಡಿದೋನು. ನೀನೇ ಹೇಳು. ಕೊಡ್ತೀನಿ."

ಫೋನು ಕೈ ಬದಲಾದ ಸದ್ದು. ಆಮೇಲೆ ಅವರ ಉಸಿರು.

"ಹೇಳು ತಮ್ಮಾ."

ಹೇಳಿದೆ. ಹದಿನಾರು ವರ್ಷ ಹಲಗೆಯ ಮುಂದೆ ನಿಂತು ಮಾತಾಡಿದವನಿಗೆ ಒಂದೊಂದು ಪದಕ್ಕೂ ತಡಕಾಡುವಂತಾಯಿತು. ಬೂದು ಬಣ್ಣ ಎಂದೆ. ಪಾಚಿ ಎಂದೆ. ಸುತ್ತಲಿನದೆಲ್ಲ ಮುರಿದು ಬಿದ್ದಿದೆ, ಗುಂಡು ಹವಳ ಮಾತ್ರ ನಿಂತಿದೆ, ಜೀವವಿಲ್ಲ, ಆಕಾರವಿದೆ, ಸೀಳು ಹಾಗೇ ಇದೆ ಎಂದೆ. ಮೀನು ಇದೆಯಾ ಎಂದು ಕೇಳಿದರು. ಎರಡು ಮೂರು, ಪಾಚಿ ಮೇಯುವಂಥವು, ಎಂದೆ. ಹ್ಞೂಂ, ಹ್ಞೂಂ ಎನ್ನುತ್ತ ಕೇಳಿದರು. ಅಳಲಿಲ್ಲ, ನಾನು ಹೆದರಿದ್ದ ಹಾಗೆ ಕುಸಿಯಲೂ ಇಲ್ಲ. ಒಂದು ಕಡೆ, "ಪಾಪ," ಎಂದರು, ಗುರುತಿನವರ ಸುದ್ದಿ ಕೇಳಿದಾಗ ಅನ್ನುವ ಹಾಗೆ.

ಆಮೇಲೆ ಕೇಳಿದರು. "ಆವತ್ತು ನಾವು ನೀರಿಗಿಳಿದ ಜಾಗದಿಂದ ಅಲ್ಲಿಗೆ ಹೋಗೋಕೆ ಎಷ್ಟು ಹೊತ್ತು ಹಿಡೀತಿತ್ತು?"

ಗಂಟೆಗಟ್ಟಲೆ ಎಂದು ಹೇಳಬಹುದಿತ್ತು. ಅಲೆ ಜೋರಿತ್ತು ಎನ್ನಬಹುದಿತ್ತು.

"ಇಪ್ಪತ್ತು ನಿಮಿಷ ಅಮ್ಮ."

ಅವರು ಫೋನನ್ನು ಬಾಯಿಂದ ದೂರ ಮಾಡಿದರು. ಪಕ್ಕದಲ್ಲಿದ್ದ ತಂಗಿಗೆ ಹೇಳಿದ್ದು ನನಗೂ ಕೇಳಿಸಿತು.

"ಇಪ್ಪತ್ತೇ ನಿಮಿಷವಂತೆ ಕಣೇ."