ಬ್ರಿಟಾಳ ಕೋವಿಗೊಂದು ದುರ್ಬೀನು

ನನಗೊಬ್ಬ ಅಣ್ಣ, ಒಬ್ಬ ತಮ್ಮ. ಅಣ್ಣ ಆರ್ವಿಡ್, ತಮ್ಮ ಡೆಲ್ಮರ್. ಸೆಲ್ಮಾ ಎಂಬ ಹೆಸರಿನ ನಾನು ನಡುವಿನವಳಾಗಿ ಹುಟ್ಟಿದ ತಪ್ಪಿಗೆ ಇವರಿಬ್ಬರ ಜಗಳ ಬಿಡಿಸುತ್ತಲೇ ಮುದುಕಿಯಾದೆ. ವಿಸ್ಕಾನ್ಸಿನ್ನಿನ ಈ ಉತ್ತರದ ತುದಿಯಲ್ಲಿ ಚಳಿಗಾಲ ಮುಗಿಯುವುದೇ ಇಲ್ಲ, ಜಗಳಕ್ಕೆ ಬೇಕಾದಷ್ಟು ಪುರುಸೊತ್ತು. ಯಾರ ಟ್ರ್ಯಾಕ್ಟರು ಮೊದಲು ಶುರುವಾಯಿತು, ಯಾರ ಸಾಸೇಜಿನಲ್ಲಿ ಮೆಣಸು ಜಾಸ್ತಿಯಾಯಿತು, ಎಲ್ಲಕ್ಕೂ ಜಗಳ. ಆ ವರ್ಷದ ಜಗಳಕ್ಕೆ ಕಾರಣವಾದವಳು ಮಾತ್ರ ಆರ್ವಿಡನ ಮೊಮ್ಮಗಳು ಬ್ರಿಟಾ.

ಹದಿಮೂರರ ಹುಡುಗಿ. ಅಪ್ಪ ಲಾರಿ ಓಡಿಸುತ್ತಾ ವರ್ಷದ ಮುಕ್ಕಾಲು ಪಾಲು ಊರಿನ ಹೊರಗಿರುತ್ತಿದ್ದ, ಅಮ್ಮ ಆಸ್ಪತ್ರೆಯಲ್ಲಿ ನರ್ಸು. ಹಾಗಾಗಿ ಅವಳು ಬೆಳೆದದ್ದು ನಮ್ಮ ಮೂವರ ಮನೆಗಳ ನಡುವೆ ಓಡಾಡಿಕೊಂಡು. ಬೇಸಿಗೆಯಲ್ಲಿ ಬೇಟೆಯ ತರಗತಿಗೆ ಹೋಗಿ ಪಾಸು ಮಾಡಿದಳು. ಆರ್ವಿಡ್ ಖುಷಿಯಿಂದ, ತೀರಿಕೊಂಡ ತನ್ನ ಹೆಂಡತಿಯ ಕೋವಿಯನ್ನು ಬೀರುವಿನಿಂದ ತೆಗೆದು, ಎಣ್ಣೆ ಹಚ್ಚಿ ಒರೆಸಿ, ಮೊಮ್ಮಗಳ ಕೈಗಿಟ್ಟ. ಹಗುರವಾದ ಕೋವಿ, ಹಿಡಿಯೂ ಗಿಡ್ಡ, ಅವಳ ಹೆಗಲಿಗೆ ಹೇಳಿ ಮಾಡಿಸಿದ ಹಾಗಿತ್ತು. ಆದರೆ ಗುರಿ ನೋಡಲು ಅದರ ಮೇಲೆ ದುರ್ಬೀನು, ಅಂದರೆ ಸ್ಕೋಪು, ಇರಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ.

ಸೆಪ್ಟೆಂಬರಿನ ಒಂದು ಭಾನುವಾರ ಚರ್ಚು ಮುಗಿಸಿ ಎಲ್ಲರೂ ನನ್ನ ಅಡುಗೆಮನೆಯಲ್ಲಿ ಕೂತಿದ್ದೆವು. ಆರ್ವಿಡ್ ಜೇಬಿನಿಂದ ಉಣ್ಣೆಯ ಕಾಲುಚೀಲವೊಂದನ್ನು ತೆಗೆದ. ಅದರೊಳಗಿಂದ ಅವನ ಹಳೇ ಸ್ಕೋಪು ಹೊರಬಂತು.

"ಇದು ಸಾಕು. ನಾಲ್ಕು ಪಟ್ಟು ದೊಡ್ಡದಾಗಿ ಕಾಣುತ್ತೆ. ತಿರುಗಿಸೋದಿಲ್ಲ, ಮುರುಗಿಸೋದಿಲ್ಲ. ಇದರಲ್ಲೇ ನಾನು ಊರಿಗೆಲ್ಲ ಮಾಂಸ ತಿನ್ನಿಸಿದೀನಿ," ಅಂದ.

ಡೆಲ್ಮರ್ ಅದನ್ನು ಕಿತ್ತುಕೊಂಡು ಕಿಟಕಿಯ ಕಡೆ ಹಿಡಿದು ನೋಡಿದ. "ಅಯ್ಯೋ ಅಣ್ಣಾ, ಇದರೊಳಗೆ ಮಂಜು ತುಂಬ್ಕೊಂಡಿದೆಯಲ್ಲೋ! ಜಿಂಕೆ ಸೂಪಿನಲ್ಲಿ ಈಜ್ತಾ ಇರೋ ಹಾಗೆ ಕಾಣ್ಸುತ್ತೆ ಅವಳಿಗೆ."

"ನೀನೇನು ತಂದಿದೀಯ, ತೋರ್ಸು."

ಡೆಲ್ಮರ್ ಹೊರಗೆ ಹೋಗಿ ತನ್ನ ಪಿಕಪ್ಪಿನಿಂದ ಒಂದು ಪೆಟ್ಟಿಗೆ ತಂದ. ಅದರಲ್ಲಿದ್ದ ಸ್ಕೋಪು ನನ್ನ ಮೊಣಕೈಯಷ್ಟು ಉದ್ದ. ಮೈತುಂಬ ತಿರುಗಣೆಗಳು. "ಇಪ್ಪತ್ನಾಲ್ಕು ಪಟ್ಟು! ಆಚೆ ಗುಡ್ಡದ ಮೇಲೆ ನಿಂತ ಜಿಂಕೆಯ ರೆಪ್ಪೆಕೂದಲು ಎಣಿಸಬಹುದು."

"ಅವಳು ಜಿಂಕೆ ಹೊಡೆಯೋಕೆ ಹೋಗ್ತಾ ಇರೋದು ಕಣೋ, ಅದಕ್ಕೆ ಕಾಡಿಗೆ ಹಚ್ಚೋಕಲ್ಲ. ಇದೇನು ಸ್ಕೋಪೋ, ಒಲೆಯ ಹೊಗೆಕೊಳವೆಯೋ?"

ಬ್ರಿಟಾ ಮಾತ್ರ ತಲೆ ಬಗ್ಗಿಸಿ ಸೇಬಿನ ಕಡುಬು ತಿನ್ನುತ್ತಿದ್ದಳು. ಕೊನೆಗೆ ಇಬ್ಬರೂ ಅವಳತ್ತ ತಿರುಗಿ, "ನೀನೇ ಹೇಳಮ್ಮ, ಯಾವುದು ಬೇಕು?" ಅಂದರು.

ಅವಳು ಚಮಚ ನೆಕ್ಕಿ, "ಯೋಚನೆ ಮಾಡ್ತೀನಿ ತಾತ," ಅಂದಳು. ಡೆಲ್ಮರನ ಮುಖ ನೋಡಿ, "ನಿಜವಾಗ್ಲೂ ಯೋಚನೆ ಮಾಡ್ತೀನಿ ಚಿಕ್ಕತಾತ," ಅಂತಲೂ ಸೇರಿಸಿದಳು.

ಆ ವಾರವೇ ಅವಳನ್ನು ಕರೆದುಕೊಂಡು ಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಹೋದೆವು. ಅಂಗಡಿಯ ಗ್ಲೆನಿಸ್ ನನ್ನ ಜೊತೆ ಚರ್ಚಿನಲ್ಲಿ ಹಾಡುವವಳು. ಕೋವಿ ಖಾಲಿಯಿದೆಯೇ ಎಂದು ಎರಡೆರಡು ಸಲ ನೋಡಿ, ಡೆಲ್ಮರನ ಕೊಳವೆಯನ್ನು ಅದರ ಮೇಲೆ ಕೂರಿಸಿದಳು.

"ದಪ್ಪ ಜಾಕೆಟ್ ಹಾಕ್ಕೋ. ಕಾಡಲ್ಲಿ ಹಾಕ್ಕೊಳ್ಳೋದು ಅದನ್ನೇ ತಾನೇ? ಈಗ ಕಣ್ಣು ಮುಚ್ಚಿ ಕೋವಿನ ಹೆಗಲಿಗೇರಿಸು. ಆಮೇಲೆ ಕಣ್ಣು ಬಿಡು. ಕತ್ತು ಆ ಕಡೆ ಈ ಕಡೆ ಎಳೀದೆ ಪೂರ್ತಿ ಬಟ್ಟಲಿನ ಹಾಗೆ ಚಿತ್ರ ಕಂಡ್ರೆ ಅದು ನಿನ್ನ ಸ್ಕೋಪು."

ಗೋಡೆಯ ಮೇಲೆ ಗ್ಲೆನಿಸಳ ಮಾವ ಹಿಂದೆಂದೋ ಹೊಡೆದ ಗಂಡು ಜಿಂಕೆಯ ತಲೆ ತೂಗುಹಾಕಿತ್ತು. ಬ್ರಿಟಾ ಅತ್ತ ಕೋವಿಯೆತ್ತಿ ಕಣ್ಣು ಬಿಟ್ಟಳು.

"ಏನು ಕಾಣುತ್ತೆ?" ಅಂದ ಡೆಲ್ಮರ್, ಎದೆಯುಬ್ಬಿಸಿ.

"ಸುತ್ತ ಕತ್ತಲು ಚಿಕ್ಕತಾತ. ಮಧ್ಯದಲ್ಲಿ ಒಂದು ಗುಹೆ."

"ಗುಹೆಯಾ?"

"ಕೂದಲು ಬೆಳೆದಿದೆ ಅದರೊಳಗೆ."

ಗ್ಲೆನಿಸ್ ಇಣುಕಿ ನೋಡಿದಳು. "ಮೂಗಿನ ಹೊಳ್ಳೆ," ಅಂದಳು. ಆರ್ವಿಡ್ ನಕ್ಕ ನಗುವಿಗೆ ಅವನ ಹಲ್ಲಿನ ಸೆಟ್ಟು ಜಾರಿ ಕೈಗೆ ಬಂತು. ಆದರೆ ಅವನ ಸ್ಕೋಪಿನ ಸರದಿ ಬಂದಾಗ ಹುಡುಗಿ ಜಿಂಕೆಯನ್ನು ಬಿಟ್ಟು ಪಕ್ಕದಲ್ಲಿದ್ದ ಕ್ಯಾಲೆಂಡರಿಗೆ ಗುರಿಯಿಟ್ಟಿದ್ದಳು. ಅಷ್ಟು ಮಂಜು.

ಅವರಿಬ್ಬರೂ ಹೊರಗೆ ಹೋಗಿ ತಪ್ಪು ಯಾರದೆಂದು ಕಿರುಚಾಡುತ್ತಿದ್ದಾಗ ಒಳಗೆ ಏನಾಯಿತೋ ನಾನೂ ನೋಡಲಿಲ್ಲ, ಹೊಲಿಗೆ ದಾರ ಆರಿಸುತ್ತಿದ್ದೆ. ಬ್ರಿಟಾ ಹೊರಗೆ ಬಂದು, "ಇನ್ನೂ ಯೋಚನೆ ಮಾಡ್ಬೇಕು," ಎಂದು ಗಂಭೀರವಾಗಿ ಹೇಳಿದಳು.

ಅವಳ ಯೋಚನೆ ಮುಗಿಯಲೇ ಇಲ್ಲ. ಸೆಪ್ಟೆಂಬರ್ ಹೋಯಿತು, ಅಕ್ಟೋಬರ್ ಬಂತು. ಒಂದು ದಿನ ನೋಡುತ್ತೇನೆ, ಕೋಳಿಗೂಡು ತೊಳೆಯುವ ಬ್ರಿಟಾಳ ಕೆಲಸವನ್ನು ಆರ್ವಿಡ್ ಮಂಡಿಯೂರಿ ಮಾಡುತ್ತಿದ್ದಾನೆ.

"ಮಗು ಓದ್ಕೊಳ್ಳಲಿ ಅಂತ," ಅಂದ, ಮುಖ ತಿರುಗಿಸಿ.

ಮರುದಿನ ಅವಳ ಪಾಲಿನ ಸೌದೆಯನ್ನು ಡೆಲ್ಮರ್ ಒಟ್ಟುತ್ತಿದ್ದ. ಅವನಿಗೂ ಮಗುವಿನ ಓದಿನದೇ ಚಿಂತೆ. ಮಗು ಏನು ಓದುತ್ತಿತ್ತು ಅಂತೀರಾ? ನನ್ನ ಸೋಫಾದ ಮೇಲೆ ಕಾಲು ಚಾಚಿಕೊಂಡು, ಡೆಲ್ಮರ್ ತಂದುಕೊಟ್ಟ ಚೀಸ್ ತಿನ್ನುತ್ತಾ, ಆರ್ವಿಡ್ ಕೊಡಿಸಿದ ಹೊಸ ಬೂಟನ್ನು ಓದುತ್ತಿತ್ತು.

ಚರ್ಚಿನ ಕಾಫಿ ಹೊತ್ತಿನಲ್ಲಿ ಗ್ಲೆನಿಸ್ ನನ್ನನ್ನು ಮೂಲೆಗೆ ಕರೆದು, "ನಿಮ್ಮ ಹುಡುಗಿ ಅವತ್ತೇ ಆರಿಸಿಟ್ಟ ಸ್ಕೋಪನ್ನ ಯಾವಾಗ ಒಯ್ತಾಳೆ? ಬೇಟೆ ಸೀಸನ್ ಬಂದೇಬಿಡ್ತು," ಅಂದಳು.

ಮನೆಗೆ ಬಂದವಳೇ ಬ್ರಿಟಾಳ ಎದುರು ಸೊಂಟಕ್ಕೆ ಕೈಯಿಟ್ಟು ನಿಂತೆ. "ಕಳ್ಳೀ, ಅವತ್ತೇ ಆರಿಸಿದ್ಯಂತೆ!"

ಅವಳು ಸ್ವಲ್ಪವೂ ಬೆದರಲಿಲ್ಲ. "ಎರಡರಿಂದ ಏಳು ಪಟ್ಟಿನವರೆಗೆ ತಿರುಗಿಸೋದು ಅಜ್ಜಿ. ಹಗುರ. ಕಣ್ಣು ಬಿಟ್ಟ ತಕ್ಷಣ ಗೋಡೆ ಮೇಲಿನ ಇಡೀ ಜಿಂಕೆತಲೆ ಕಂಡ್ತು, ಅದರ ಅಕ್ಕಪಕ್ಕ ಏನಿದೆ ಅನ್ನೋದೂ ಕಂಡ್ತು. ಇಲ್ಲಿನ ಕಾಡಲ್ಲಿ ಅಷ್ಟು ದೂರ ಯಾರು ಹೊಡೀತಾರೆ?"

"ಮತ್ತೆ ಹೇಳ್ಬಾರ್ದಾಗಿತ್ತಾ ಅವರಿಗೆ?"

"ಹೇಳಿದ್ರೆ ಕೋಳಿಗೂಡು ಯಾರು ತೊಳೀತಾರೆ?"

ನಾನು ಬೈಯಬೇಕಿತ್ತು. ಆದರೆ ಹುಟ್ಟಿದಾಗಿನಿಂದ ಆ ಇಬ್ಬರ ಚಾಕರಿ ಮಾಡಿದವಳು ನಾನು. ಬಾಗಿಲು ಹಾಕಿಕೊಂಡು ನಕ್ಕೆ. "ಆದ್ರೂ ಮುಗಿಸ್ಬೇಕು ಕಣೇ ಇದನ್ನ. ಮರ್ಯಾದೆಯಾಗಿ," ಅಂದೆ.

"ಮರ್ಯಾದೆಯಾಗೇನೇ ಮುಗಿಸೋಣ ಅಜ್ಜಿ. ನಿಮ್ಮ ಕಂದು ಕೋಟು ಎಲ್ಲಿದೆ?"

ಅಂದು ಸಂಜೆ ಹೊತ್ತು ಮುಳುಗುವ ವೇಳೆಗೆ ಅಣ್ಣತಮ್ಮಂದಿರನ್ನು ನನ್ನ ಮನೆಯ ಹಿಂಬದಿಯ ಜಗುಲಿಗೆ ಕರೆಸಿದಳು. ಕೋವಿಗಳನ್ನು ಮನೆಯಲ್ಲೇ ಬಿಟ್ಟು ಬರಬೇಕು, ಬರೀ ಸ್ಕೋಪು ತರಬೇಕು ಎಂದು ಕಟ್ಟುನಿಟ್ಟು ಮಾಡಿದ್ದಳು. ಹೊಲದಾಚೆಯ ಬೋಳು ಸೇಬಿನ ಮರದ ಕಡೆ ಕೈ ತೋರಿಸಿ, "ಅಲ್ಲೊಂದು ಬಂದಿದೆ. ಯಾರು ಸರಿಯಾಗಿ ನೋಡಿ ಹೇಳ್ತೀರೋ ಅವರ ಸ್ಕೋಪು ನನ್ನದು," ಎಂದು ಪಿಸುಗುಟ್ಟಿದಳು.

ಡೆಲ್ಮರ್ ಕೊಳವೆಯನ್ನು ಕಂಬಕ್ಕೆ ಒರಗಿಸಿ ಹುಡುಕತೊಡಗಿದ. ಆಕಾಶ ನೋಡಿದ, ಹುಲ್ಲು ನೋಡಿದ, ನನ್ನ ಒಗೆದ ಬಟ್ಟೆಯ ಹಗ್ಗ ನೋಡಿದ. ಅಷ್ಟರಲ್ಲಿ ಆರ್ವಿಡ್, "ಕಂಡ್ತು! ಗಂಡು! ಒಳ್ಳೇ ಕೊಬ್ಬಿದ ಗಂಡು. ಕೊಂಬಲ್ಲಿ ಆರು ಕವಲು," ಅಂದ.

ತಮ್ಮ ಬಿಡುತ್ತಾನೆಯೇ? "ಆರಲ್ಲ, ಎಂಟು! ನನಗೆ ಸ್ಪಷ್ಟವಾಗಿ ಕಾಣ್ತಿದೆ. ಎಡಕ್ಕೆ ತಿರುಗಿ ನಿಂತಿದೆ."

"ಬಲಕ್ಕೆ ಕಣೋ ಕುರುಡ."

"ಬಾಲ ಅಲ್ಲಾಡಿಸ್ತು ನೋಡು, ಬಾಲ!"

"ನೀವಾಗಿದ್ರೆ ಈಡು ಹೊಡೀತಿದ್ರಾ?" ಅಂತ ಬ್ರಿಟಾ ಮೆಲ್ಲಗೆ ಕೇಳಿದಳು.

"ಹೊಡೆಯದೆ? ಇಷ್ಟು ಹೊತ್ತಿಗೆ ಚರ್ಮ ಸುಲೀತಿದ್ದೆ," ಅಂದ ಆರ್ವಿಡ್. ಡೆಲ್ಮರ್ ಆಗಲೇ ನೆಲಕ್ಕೆ ಕೆಡವಿ ಆಗಿತ್ತಂತೆ.

"ಹಾಗಾದ್ರೆ ಇಬ್ಬರೂ ಸೇರಿ ಸೆಲ್ಮಜ್ಜಿಯ ಕೋಟನ್ನ ಕೊಂದ್ರಿ. ಬನ್ನಿ, ಚರ್ಮ ಸುಲಿಯೋಣ."

ನಾವು ಹೊಲ ದಾಟಿ ಹೋದೆವು. ನಿಲ್ಲಿಸಿದ ಕೈಗಾಡಿಯ ಮೇಲೆ ನನ್ನ ಕೋಟು ಹೊದಿಸಿತ್ತು, ಹಿಂದೆ ಸೇಬಿನ ಮರದ ಒಣ ಕೊಂಬೆಗಳು. ಇಬ್ಬರೂ ಅದರ ಸುತ್ತ ಒಂದು ಸುತ್ತು ಹಾಕಿದರು, ಎಲ್ಲಾದರೂ ಬಾಲ ಸಿಕ್ಕೀತೆಂಬ ಆಸೆಯಿಂದಲೋ ಏನೋ. ಬ್ರಿಟಾಳ ದನಿಯಲ್ಲಿ ತುಂಟತನ ಹೋಗಿತ್ತು. "ತರಗತಿಯಲ್ಲಿ ಮೊದಲ ದಿನವೇ ಹೇಳಿದ್ರು ತಾತ. ಏನು ಅಂತ ಖಾತ್ರಿಯಾಗೋವರೆಗೂ ಬೆರಳು ಟ್ರಿಗರ್ ಹತ್ರ ಹೋಗ್ಬಾರ್ದು ಅಂತ."

ಆರ್ವಿಡ್ ಕೋಟಿನ ತೋಳು ಮುಟ್ಟಿ ನೋಡಿದ. ಅವನ ಕಿವಿ ಕೆಂಪಾಗಿತ್ತು. "ಸರಿ ಕಣಮ್ಮ," ಅಂದ. ಆಮೇಲೆ ಅವಳು ಗ್ಲೆನಿಸಳ ಅಂಗಡಿಯ ಸ್ಕೋಪಿನ ವಿಷಯ ಬಾಯಿಬಿಟ್ಟಳು. ಡೆಲ್ಮರನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಸೆಪ್ಟೆಂಬರಲ್ಲೇ ಆರಿಸಿದ್ಯಾ? ಹಾಗಾದ್ರೆ ಆ ಸೌದೆ?"

"ತುಂಬ ಚೆನ್ನಾಗಿ ಒಟ್ಟಿದ್ರಿ ಚಿಕ್ಕತಾತ."

ಕೋಳಿಗೂಡು ನೆನಪಾಗಿ ಆರ್ವಿಡ್ ಬಾಯಿ ತೆರೆದ. ನನ್ನ ಮುಖ ನೋಡಿ ಹಾಗೇ ಮುಚ್ಚಿಕೊಂಡ.

ಹೊಸ ಸ್ಕೋಪಿಗೆ ಗುರಿ ಕೂಡಿಸಲು ಜಲ್ಲಿಗುಂಡಿಗೆ ಹೋದೆವು. ಬ್ರಿಟಾ ಮರಳುಚೀಲದ ಮೇಲೆ ಕೋವಿಯಿಟ್ಟು ನಿಧಾನವಾಗಿ ಹೊಡೆದಳು, ಆರ್ವಿಡ್ ತಿರುಗಣೆ ಸರಿಮಾಡುತ್ತಾ ಹೋದ. ಕಾಗದದ ಮೇಲಿನ ತೂತುಗಳು ಒಂದು ಬಿಸ್ಕತ್ತಿನಡಿ ಮುಚ್ಚಿಹೋಗುವಷ್ಟು ಹತ್ತಿರ ಬಂದವು. ಅದನ್ನು ನೋಡಿ ಡೆಲ್ಮರನಿಗೆ ತಡೆಯಲಾಗಲಿಲ್ಲ. ತನ್ನ ದೊಡ್ಡ ಕೋವಿಗೆ ಆ ಕೊಳವೆಯನ್ನು ಬಿಗಿದು, ಕಣ್ಣನ್ನು ಗಾಜಿಗೆ ಅಂಟಿಸಿದಂತೆ ಕೂತು, ಢಮಾರೆನಿಸಿದ. ಕೋವಿ ಹಿಂದಕ್ಕೆ ಒದೆಯಿತು. ಕೊಳವೆಯ ಅಂಚು ಬಡಿದು ಹುಬ್ಬಿನ ಮೇಲೆ ಅರ್ಧಚಂದ್ರಾಕಾರದ ಗಾಯ! ಚರ್ಚಿನಲ್ಲಿ ಕೇಳಿದವರಿಗೆಲ್ಲ ಕೊಟ್ಟಿಗೆಯ ಬಾಗಿಲು ಬಡಿಯಿತು ಅಂದ. ಪಾದ್ರಿಗಳೂ ಬೇಟೆಯಾಡುವವರೇ. "ದುಂಡಗಿನ ಬಾಗಿಲೇನೋ ಡೆಲ್ಮರ್?" ಎಂದು ಕೇಳಿ ಮುಂದೆ ಹೋದರು.

ಸೀಸನ್ನಿನ ಮೊದಲ ಬೆಳಿಗ್ಗೆ ಅವಳ ಜೊತೆ ಅಟ್ಟಣೆಯಲ್ಲಿ ಕೂರುವ ಹಿರಿಯರು ಯಾರು ಎಂದು ಮತ್ತೆ ಜಟಾಪಟಿ. ಬ್ರಿಟಾ, "ಸೆಲ್ಮಜ್ಜಿ," ಅಂದಳು. ನಾನು ಬೇಟೆಗೆ ಹೋಗಿ ಬಹಳ ವರ್ಷಗಳಾಗಿದ್ದವು. ಮೊಣಕಾಲಿನ ನೆಪ ಹೇಳಲು ಹೊರಟವಳು ಬೂಟು ಹುಡುಕಲು ಎದ್ದೆ. ನನಗೆ ಹೋಗಬೇಕೆನಿಸಿತ್ತು.

ಬೇರೆ ಬೇಟೆಗಾರರ ಕಣ್ಣಿಗೆ ಎದ್ದು ಕಾಣಲೆಂದು ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ಅಜ್ಜಿ ಮೊಮ್ಮಗಳು ಏಣಿ ಹತ್ತಿ ಕೂತೆವು. ನೆಲದ ಮೇಲೆ ತೆಳ್ಳಗೆ ಹಿಮ. ಬೆಳಕು ಹರಿದು ಬಹಳ ಹೊತ್ತಾದ ಮೇಲೆ ದೇವದಾರುಗಳ ನಡುವಿನಿಂದ ಒಂದು ಹೆಣ್ಣು ಜಿಂಕೆ ಬಂತು, ಅದರ ಹಿಂದೆ ಚೂಪು ಕೊಂಬಿನ ಎಳೆಯ ಗಂಡು. ಬ್ರಿಟಾ ಕೋವಿಯೆತ್ತಿದಳು. ಹೆಣ್ಣು ಅಡ್ಡ ನಿಂತಿತ್ತು. ಅವಳು ಹಾಗೆಯೇ ಕಾದಳು, ಅವಳ ಉಸಿರಿನ ಹಬೆ ನನ್ನ ಕೆನ್ನೆಗೆ ತಾಗುತ್ತಿತ್ತು. ಹೆಣ್ಣು ಮುಂದೆ ಸರಿಯಿತು. ಗಂಡು ಬಯಲಿಗೆ ಬಂದು ಪಕ್ಕ ತೋರಿಸಿ ನಿಂತಿತು. ಈಡು ಹಾರಿತು. ಅದು ನಾಲ್ಕು ನೆಗೆತ ನೆಗೆದು ಬಿತ್ತು.

ಹತ್ತಿರ ಹೋದಾಗ ಬ್ರಿಟಾ ಕೋವಿ ಖಾಲಿ ಮಾಡಿ ನನ್ನ ಕೈಗೆ ಕೊಟ್ಟು, ಮಂಡಿಯೂರಿ ಅದರ ಕತ್ತಿನ ಮೇಲೆ ಕೈಯಿಟ್ಟಳು. "ಇನ್ನೂ ಬಿಸಿ ಇದೆ ಅಜ್ಜಿ," ಅಂದಳು. ಅವಳ ಮೂಗು ಸೋರುತ್ತಿತ್ತು. ನಾನು ಅವಳ ಟೋಪಿ ಸರಿಮಾಡಿದೆ.

ಸದ್ದು ಕೇಳಿ ಅಣ್ಣ ಒಂದು ಕಡೆಯಿಂದ, ತಮ್ಮ ಇನ್ನೊಂದು ಕಡೆಯಿಂದ ಏದುಸಿರು ಬಿಡುತ್ತಾ ಬಂದರು. ಜಿಂಕೆಯನ್ನು ನೋಡಿದರು, ಹುಡುಗಿಯನ್ನು ನೋಡಿದರು. ಇಬ್ಬರೂ ಟೋಪಿ ತೆಗೆದರು.

"ಒಳ್ಳೇ ಈಡು," ಅಂದ ಆರ್ವಿಡ್.

"ಹೂಂ," ಅಂದ ಡೆಲ್ಮರ್.

ಅಷ್ಟೇ. ಆಮೇಲೆ ಜಿಂಕೆಯ ಈಲಿಯನ್ನು ಬೆಣ್ಣೆಯಲ್ಲಿ ಹುರಿಯಬೇಕೋ, ಹಂದಿಕೊಬ್ಬಿನಲ್ಲೋ ಎಂಬ ಮಾತು ಬಂತು. ಇಬ್ಬರೂ ಕೊಂಬಿಗೊಬ್ಬರಂತೆ ಹಿಡಿದು ಎಳೆಯುತ್ತಾ, ಹಿಮದ ಮೇಲೆ ವಕ್ರವಕ್ರವಾಗಿ ಸಾಗಿದರು. ಬ್ರಿಟಾ ಕಣ್ಣೊರೆಸಿಕೊಂಡು ನನ್ನ ತೋಳಿಗೆ ತೋಳು ಸೇರಿಸಿ, "ನಾವು ನಿಧಾನಕ್ಕೆ ಹೋಗೋಣ ಅಜ್ಜಿ. ಫ್ಲಾಸ್ಕಲ್ಲಿ ಕಾಫಿ ಉಳಿದಿದೆಯಾ?" ಅಂದಳು.