ಸಾರ್ಜೆಂಟನ ಕಿಂಡಿ

ನಮ್ಮ ಬೆಕ್ಕಿಗೆ ದಿನಕ್ಕೆ ಕಡಿಮೆಯೆಂದರೂ ಹದಿನಾಲ್ಕು ಸಲ ಬಾಗಿಲು ತೆಗೆಯಬೇಕು. ಬಾಯಿಗೆ ಬಂದ ಲೆಕ್ಕವಲ್ಲ, ಒಂದು ಭಾನುವಾರ ಕೂತು ಎಣಿಸಿದ್ದೇನೆ. ಒಳಗಿದ್ದರೆ ಹೊರಗೆ ಹೋಗಬೇಕು, ಹೊರಗಿದ್ದರೆ ಒಳಗೆ ಬರಬೇಕು, ಎರಡು ಕಡೆಯೂ ಅದಕ್ಕೆ ಮಾಡಲು ಏನೂ ಕೆಲಸವಿಲ್ಲ. ಹೆಸರು ಸಾರ್ಜೆಂಟ್. ಬೂದು ಬಣ್ಣ, ಎದೆಯ ಮೇಲೆ ಬಿಳಿ ಪಟ್ಟಿ, ವಯಸ್ಸು ಒಂಬತ್ತು, ತೂಕ ಐದೂವರೆ ಕಿಲೋ. ಮಿಯಾಂವ್ ಎನ್ನುವ ಅಭ್ಯಾಸವಿಲ್ಲ. ಹಿಂಬಾಗಿಲ ಮುಂದೆ ಕೂತು ಪಂಜದಿಂದ ಕರಕರ ಕೆರೆಯುತ್ತದೆ. ಯಾರಾದರೂ ಏಳುವ ತನಕ ನಿಲ್ಲಿಸುವುದಿಲ್ಲ.

ಜೂನ್ ತಿಂಗಳವರೆಗೆ ಇದರಿಂದ ನನಗೆ ಬರೀ ಕೋಪ ಬರುತ್ತಿತ್ತು. ಜೂನ್ ಮೊದಲ ವಾರ ನನ್ನ ಹೆಂಡತಿ ಲೊರೇನ್‌ಗೆ ಎಡ ಸೊಂಟದ ಕೀಲು ಬದಲಾಯಿಸಿದರು. ಅಲ್ಲಿಂದ ಮುಂದೆ ಹೆದರಿಕೆ ಶುರುವಾಯಿತು.

ಲೊರೇನ್ ಹತ್ತೊಂಬತ್ತು ವರ್ಷಗಳಿಂದ ನಮ್ಮ ಏರು ರಸ್ತೆಯ ಶಾಲೆಯೆದುರು ಮಕ್ಕಳನ್ನು ದಾಟಿಸುವವಳು. ಹಳದಿ ಕೋಟು ತೊಟ್ಟು, ಉದ್ದ ಕೋಲಿನ ತುದಿಯ ದುಂಡು ಹಲಗೆ ಹಿಡಿದು ರಸ್ತೆಯ ನಡುವೆ ನಿಂತಳೆಂದರೆ ಕಲ್ಲು ತುಂಬಿದ ಲಾರಿಯೂ ನಿಲ್ಲಬೇಕು. ನಾನು ಬಸ್ ಚಾಲಕ, ನಾನೂ ನಿಂತಿದ್ದೇನೆ. ಹ್ಯಾಲಿಫ್ಯಾಕ್ಸ್ ಊರಿನ ನಮ್ಮ ಕಡೆ ಇಪ್ಪತ್ತೈದು ವರ್ಷದೊಳಗಿನ ಯಾರನ್ನೇ ಕೇಳಿ, ಅವಳ ಕೋಲಿನಡಿ ದಾಟಿ ಬಂದವರೇ. ಆಪರೇಷನ್ ಆದ ಮೇಲೆ ನಗರಸಭೆಯಿಂದ ಕಾಗದ ಬಂತು: ಸೆಪ್ಟೆಂಬರಿನಲ್ಲಿ ಶಾಲೆ ತೆರೆಯುವ ಹೊತ್ತಿಗೆ ಊರುಗೋಲಿಲ್ಲದೆ ರಸ್ತೆ ದಾಟಿ ತೋರಿಸಬೇಕು, ನಲವತ್ತು ನಿಮಿಷ ನಿಲ್ಲಬೇಕು. ಆಗದಿದ್ದರೆ ಬೇರೆಯವರನ್ನು ನೇಮಿಸುತ್ತಾರೆ. ಲೊರೇನ್ ಅದನ್ನು ಓದಿ ಗಡಿಯಾರದ ಹಿಂದೆ ಸಿಕ್ಕಿಸಿದಳು. ಅದರ ಬಗ್ಗೆ ಆಮೇಲೆ ಮಾತಾಡಲಿಲ್ಲ. ನಾನೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಮುಖ್ಯವಾದ ವಿಷಯಗಳೆಲ್ಲ ಹಾಗೇ.

ಬೆಳಗಿನ ಐದೂಕಾಲಿಗೆ ನನ್ನ ಪಾಳಿ. ನಾನು ಬಸ್ಸಿನಲ್ಲಿ, ಅವಳು ಒಬ್ಬಳೇ ಮನೆಯಲ್ಲಿ, ಆ ದರಿದ್ರ ಬೆಕ್ಕು ಬಾಗಿಲು ಕೆರೆಯುತ್ತಾ. ಎರಡು ಊರುಗೋಲಿನ ನಡುವೆ ನುಸುಳಿ ಓಡುವುದೆಂದರೆ ಅದಕ್ಕೆ ಎಲ್ಲಿಲ್ಲದ ಖುಷಿ. ಪ್ರತಿ ನಿಲ್ದಾಣದಲ್ಲೂ ನನ್ನ ಕಣ್ಣಿಗೆ ಅಡುಗೆಮನೆಯ ನೆಲದಲ್ಲಿ ಬಿದ್ದ ಲೊರೇನ್ ಕಾಣುತ್ತಿದ್ದಳು. ಒಂದು ದಿನ ಆಸ್ಪತ್ರೆಯ ನಿಲ್ದಾಣವನ್ನೇ ಬಿಟ್ಟು ಮುಂದೆ ಹೋಗಿ ಬೈಸಿಕೊಂಡೆ.

ಜುಲೈ ಎರಡನೇ ವಾರ ತೀರ್ಮಾನ ಮಾಡಿದೆ.

"ಹಿಂಬಾಗಿಲಿಗೆ ಬೆಕ್ಕಿನ ಕಿಂಡಿ ಇಡ್ತೀನಿ," ಅಂದೆ. "ಅವನೇ ಬರ್ಲಿ, ಅವನೇ ಹೋಗ್ಲಿ. ನೀನು ಕೂತಲ್ಲಿಂದ ಏಳೋದೇ ಬೇಡ."

ಲೊರೇನ್ ಪದಬಂಧದಿಂದ ತಲೆ ಎತ್ತಿದಳು. "ಬಾಗಿಲು ಚೆನ್ನಾಗೇ ಇದೆಯಲ್ಲ ಟ್ರೆವರ್."

"ಬಾಗಿಲಿಗೇನಾಗಿದೆ ಅಂತ ನಾನೆಲ್ಲಿ ಅಂದೆ? ನಿನ್ನ ಸೊಂಟದ ಮಾತು ಆಡ್ತಿರೋದು ನಾನು."

"ವಾರವೆಲ್ಲ ದುಡಿದಿರ್ತೀಯ. ಶನಿವಾರ ಒಂದಿನ ಸುಮ್ನೆ ಕೂರಬಾರ್ದಾ?"

"ಕಿಂಡಿ ಆದ್ಮೇಲೆ ಸುಮ್ನೆ ಕೂರ್ತೀನಿ."

"ಸರಿಯಪ್ಪ, ನಿಂಗೆ ಹೆಂಗನ್ಸುತ್ತೋ ಹಂಗ್ಮಾಡು," ಅಂದವಳು ಮತ್ತೆ ಪದಬಂಧಕ್ಕೆ ಬಗ್ಗಿದಳು. ಒಪ್ಪಿಗೆ ಸಿಕ್ಕಿತು ಎಂದುಕೊಂಡು ನಾನು ಅಳತೆಪಟ್ಟಿ ಹುಡುಕಲು ಹೋದೆ.

ಪೆಟ್ಟಿಗೆಯೊಳಗಿನ ಪುಸ್ತಿಕೆ ಹನ್ನೊಂದು ಭಾಷೆಗಳಲ್ಲಿತ್ತು. ಮೊದಲ ಸಾಲು: ಬೆಕ್ಕಿನ ಹೊಟ್ಟೆಯ ಎತ್ತರವನ್ನು ನೆಲದಿಂದ ಅಳೆಯಿರಿ. ಬರೆದವನು ಜನ್ಮದಲ್ಲಿ ಬೆಕ್ಕು ನೋಡಿದವನಲ್ಲ. ನಾನು ಪಟ್ಟಿ ಹಿಡಿದು ಮಂಡಿಯೂರಿದರೆ ಸಾರ್ಜೆಂಟ್ ಮಲಗಿಬಿಟ್ಟಿತು. ಎತ್ತಿ ನಿಲ್ಲಿಸಿದೆ, ಬೆನ್ನು ಬಿಲ್ಲಿನಂತೆ ಬಗ್ಗಿಸಿತು. ಹ್ಯಾಮ್ ಮಾಂಸದ ಚೂರು ತೋರಿಸಿದೆ, ಕೈಯನ್ನೂ ಸೇರಿಸಿ ಕಚ್ಚಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ಅದೇ ಕತೆ. ಕೊನೆಗೆ ಕಣ್ಣಂದಾಜಿನಲ್ಲಿ ಹದಿನಾಲ್ಕು ಸೆಂಟಿಮೀಟರ್ ಎಂದು ಬರೆದುಕೊಂಡೆ.

ಕರೆಂಟಿನ ಗರಗಸ ಪಕ್ಕದ ಮನೆಯ ಕೀತ್‌ನದು. ನಿವೃತ್ತ ಅಂಚೆಯವನು, ಅವನ ಹತ್ತಿರ ಇಲ್ಲದ ಹತಾರವಿಲ್ಲ. ಗರಗಸದ ಜೊತೆ ತಾನೂ ಬಂದು ಟೀ ಬಟ್ಟಲು ಹಿಡಿದು ಹಿತ್ತಲಲ್ಲಿ ನಿಂತ.

"ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದ್ನಂತೆ," ಅಂದ.

"ನೋಡೋಕೆ ಬಂದಿದ್ರೆ ನೋಡು. ಬಾಯಿ ಮುಚ್ಕೊಂಡು ನೋಡು."

"ನಾನೇನಂದೆ ಈಗ? ಕೊಯ್ಯಿ, ಕೊಯ್ಯಿ."

ಅಡುಗೆಮನೆಯ ನೆಲದಿಂದ ಅಳೆದು ಗುರುತು ಹಾಕಿದೆ. ನಾಲ್ಕು ಮೂಲೆಗೆ ಡ್ರಿಲ್ಲು ಹಾಕಿದೆ. ಗರಗಸ ಹೊಗೆಯಾಡಿತು, ಒಂದು ಅಲಗು ಮುರಿಯಿತು, ಹೆಬ್ಬೆರಳಿನ ಚರ್ಮ ಹೋಯಿತು. ನೂರು ವರ್ಷದ ಗಟ್ಟಿ ಮರ. ಊಟದ ಹೊತ್ತಿಗೆ ಚೌಕ ಬಿದ್ದುಹೋಯಿತು. ಒಳಗಿನಿಂದ ನೋಡಿದರೆ ನನಗೇ ಹೆಮ್ಮೆಯೆನಿಸುವಷ್ಟು ನೀಟಾಗಿತ್ತು. ಹೊರಗೆ ಹೋಗಿ ನೋಡಿದೆ.

ನಮ್ಮ ಬೀದಿಯ ಮನೆಗಳೆಲ್ಲ ಇಳಿಜಾರಿನಲ್ಲಿವೆ. ಹಿಂಬಾಗಿಲ ಹೊಸಿಲಿಗಂಟಿದಂತೆ ಮೂರು ಕಡಿದಾದ ಮೆಟ್ಟಿಲು, ಆಮೇಲೆ ಹಿತ್ತಲು. ಮೆಟ್ಟಿಲೋ ಪಾದ ಅಡ್ಡ ಇಟ್ಟರೆ ಮಾತ್ರ ಹಿಡಿಸುವಷ್ಟು ಕಿರಿದು. ಒಳಗಿನಿಂದ ಬೆಕ್ಕಿನ ಹೊಟ್ಟೆಗೆ ಸರಿಯಾಗಿದ್ದ ಕಿಂಡಿ, ಹೊರಗಿನಿಂದ ನನ್ನ ಸೊಂಟದ ಮಟ್ಟಕ್ಕಿತ್ತು. ಬೆಕ್ಕು ಹೊರಗೆ ಧುಮುಕಬಹುದು. ಒಳಗೆ ಬರಬೇಕಾದರೆ ಹಾರಿ, ಗಾಳಿಯಲ್ಲೇ ನಿಂತು, ತಲೆಯಿಂದ ಮುಚ್ಚಳ ತಳ್ಳಬೇಕು.

"ನಂಗೆ ಬೆಳಿಗ್ಗೇನೇ ಅನ್ನಿಸಿತ್ತು," ಅಂದ ಕೀತ್, ಬಟ್ಟಲಿನ ತಳ ನೋಡುತ್ತಾ.

"ಬೆಳಿಗ್ಗೇನೇ ಅನ್ನಿಸಿತ್ತಾ? ಮತ್ತೆ ಬಾಯಲ್ಲೇನು ಕಡುಬಿಟ್ಕೊಂಡಿದ್ದೆಯಾ?"

"ಬಾಗಿಲು ನಿಂದು ಕಣಯ್ಯಾ. ಇನ್ನೊಬ್ರ ಬಾಗಿಲ ವಿಷಯಕ್ಕೆ ನಾನ್ಯಾಕೆ ತಲೆ ಹಾಕ್ಲಿ? ಅಷ್ಟು ಖುಷಿಯಾಗಿ ಕೊಯ್ತಾ ಇದ್ದೆ ಬೇರೆ."

ಗರಗಸದಿಂದ ಅವನನ್ನೇ ಎರಡು ಮಾಡಬೇಕೆನಿಸಿತು. ಆದರೆ ಗರಗಸ ಅವನದು. "ಇನ್ನೊಂದು ಟೀ ಕುಡೀತೀಯಾ?" ಎಂದು ಕೇಳಿದೆ. ಕುಡಿದ.

ಮುಂದಿನ ಮೂರು ವಾರದ ಗೋಳನ್ನು ಚುಟುಕಾಗಿ ಹೇಳುತ್ತೇನೆ. ಹೊರಗೆ ಬೆಕ್ಕು ಹತ್ತಿ ನಿಲ್ಲಲು ಇಟ್ಟಿಗೆಯ ಕಟ್ಟೆ ಕಟ್ಟಿದೆ. ಸಿಮೆಂಟು ಆರುವ ಮೊದಲೇ ಸಾರ್ಜೆಂಟ್ ನಡೆದು ಹೋಯಿತು. ಆ ಹೆಜ್ಜೆಗಳು ಈಗಲೂ ಇವೆ. ಬಾಗಿಲು ದಪ್ಪವೆಂದು ಉದ್ದನೆಯ ಮೊಳೆ ತರಲು ಹೋದೆ, ತಂದ ಮೊಳೆ ಇನ್ನೂ ಗಿಡ್ಡವಾಯಿತು. ಎರಡು ದಿನ ತೂತಿನಿಂದ ಮಳೆ ಬಂತು, ಓಟ್ಸ್ ಡಬ್ಬಿಯ ರಟ್ಟು ಅಂಟಿಸಿದೆ. ಕಿಂಡಿ ಕೂತ ಮೇಲೆ ಬೆಕ್ಕು ಅದರ ಮುಂದೆಯೇ ಕೂತು, ಬಾಗಿಲಿನ ಹಲಗೆಯನ್ನು ಕೆರೆಯಿತು. ನಾನು ಹಿತ್ತಲ ಕೆಸರಿನಲ್ಲಿ ಮಂಡಿಯೂರಿ, ಕಟ್ಟೆಯ ಮೇಲೆ ಹೊಟ್ಟೆಯೂರಿ ಮುಚ್ಚಳ ಎತ್ತಿ ಹಿಡಿದು, ಒಳಗಿದ್ದ ಬೆಕ್ಕಿಗೆ ಮೀನು ತೋರಿಸುತ್ತಾ, "ಬಾರೋ ರಾಜ, ಬಾರೋ ಬಂಗಾರ" ಎಂದು ಮುದ್ದುಗರೆದೆ. ಮೂವತ್ತು ವರ್ಷದ ಸಂಸಾರದಲ್ಲಿ ಹೆಂಡತಿಯನ್ನೇ ಹಾಗೆ ಕರೆದವನಲ್ಲ.

"ಅಲ್ಲಿ ತೇವ ಇದೆ ಟ್ರೆವರ್, ಎದ್ದು ಬಾ," ಎಂದು ಲೊರೇನ್ ಒಳಗಿನಿಂದ ಕೂಗಿದಳು. "ಅವನು ಕೆರೆದ್ರೆ ನಾನೇ ತೆಗೀತೀನಿ ಬಿಡು."

"ನೀನು ಕದಲಬೇಡ!" ಅಂದೆ. "ಇಷ್ಟು ದೂರ ಬಂದಾಗಿದೆ."

ಆಗಸ್ಟ್ ಮೊದಲ ಭಾನುವಾರ, ಯಾರೂ ಕರೆಯದಿದ್ದಾಗ, ಸಾರ್ಜೆಂಟ್ ತಾನಾಗಿಯೇ ಕಿಂಡಿಯಿಂದ ಒಳಗೆ ಬಂತು. ತಟ್ಟೆಯಲ್ಲಿದ್ದುದನ್ನು ತಿಂದು ತಾನಾಗಿಯೇ ಹೊರಗೆ ಹೋಯಿತು. ನಾನು ಚಪ್ಪಾಳೆ ತಟ್ಟಿದೆ. ಲೊರೇನ್ ಕುರ್ಚಿಯಿಂದಲೇ ನಕ್ಕು, "ಅಂತೂ ಗೆದ್ದೆಯಲ್ಲ," ಅಂದಳು. ಮರುದಿನ ಬಸ್ಸಿನಲ್ಲಿ ಒಂದು ನಿಲ್ದಾಣವೂ ತಪ್ಪಲಿಲ್ಲ.

ಕಿಂಡಿ ಇಡುವ ಮೊದಲು ಲೊರೇನ್ ಒಂದೇ ಊರುಗೋಲಿನಲ್ಲಿ ಓಡಾಡುವಷ್ಟಾಗಿದ್ದಳು. ಆಗಸ್ಟಿನಲ್ಲಿ ಇನ್ನೊಂದು ಊರುಗೋಲು ಮತ್ತೆ ಕುರ್ಚಿಯ ಪಕ್ಕಕ್ಕೆ ಬಂತು. ನಾನದನ್ನು ನೋಡಿದ್ದೆ. ಥಂಡಿಗೆ ಕೀಲು ಹಿಡಿದಿರಬೇಕು ಎಂದುಕೊಂಡು ಒಂದು ಕಂಬಳಿ ತಂದು ಅವಳ ಕಾಲ ಮೇಲೆ ಹೊದಿಸಿದೆ. ನನ್ನ ಬುದ್ಧಿಗೆ ಹೊಳೆದದ್ದು ಅಷ್ಟೇ.

ಆಗಸ್ಟ್ ಹದಿನೆಂಟಕ್ಕೆ ವ್ಯಾಯಾಮ ಹೇಳಿಕೊಡುವ ಬ್ರಿಜೆಟ್ ಮನೆಗೆ ಬಂದಳು. ಲೊರೇನ್‌ಳನ್ನು ಎಬ್ಬಿಸಿ ನಡೆಸಿದಳು, ನಿಲ್ಲಿಸಿದಳು, ಕೈಯಲ್ಲಿದ್ದ ಕಾಗದ ನೋಡಿ ಹುಬ್ಬು ಗಂಟಿಕ್ಕಿದಳು. ಆರು ನಿಮಿಷಕ್ಕೆ ಲೊರೇನ್‌ಳ ಕಾಲು ನಡುಗುತ್ತಿತ್ತು.

"ಜುಲೈನಲ್ಲಿ ನೀವು ಇದಕ್ಕಿಂತ ಎಷ್ಟೋ ಗಟ್ಟಿಯಾಗಿದ್ರಿ," ಅಂದಳು. "ಮಾಂಸಖಂಡ ಎಲ್ಲ ಸಡಿಲ ಬಿದ್ದಿದೆ. ದಿನಕ್ಕೆ ಎಷ್ಟು ಸಲ ಏಳ್ತಿದ್ದೀರಿ?"

"ನಾಲ್ಕೈದು ಸಲ."

"ಆಗ?"

ಲೊರೇನ್ ನನ್ನ ಕಡೆ ನೋಡಲಿಲ್ಲ. "ಆಗ ಹದಿನಾಲ್ಕು, ಹದಿನೈದು."

"ಮತ್ತೆ ಯಾಕೆ ನಿಲ್ಸಿದ್ರಿ?"

ಆ ಹೊತ್ತಿಗೆ ಸರಿಯಾಗಿ ಕಿಂಡಿಯ ಮುಚ್ಚಳ ಟಪ್ ಎಂದಿತು. ಸಾರ್ಜೆಂಟ್ ಒಳಗೆ ಬಂದು, ಮೂವರನ್ನೂ ನೋಡಿ, ಮೈ ನೆಕ್ಕಲು ಕೂತಿತು. ಬ್ರಿಜೆಟ್ ಕಿಂಡಿಯನ್ನೂ ನೋಡಿದಳು, ನನ್ನನ್ನೂ ನೋಡಿದಳು. ಆಮೇಲೆ ಕಾಗದದಲ್ಲಿ ಏನೋ ಬರೆದುಕೊಂಡು, ಗಂಟೆಗೊಂದು ಸಲ ಏಳಲೇಬೇಕೆಂದು ಹೇಳಿ ಹೊರಟಳು.

ನನಗೆ ತಲೆಯಿಂದ ಕಾಲಿನವರೆಗೆ ಬೆಂಕಿ ಹತ್ತಿತು.

"ಒಂದು ಮಾತು ಹೇಳೋಕಾಗ್ಲಿಲ್ವಾ ನಿಂಗೆ? ಬೇಡ ಕಣೋ ಅನ್ನೋಕೆ ಏನಾಗಿತ್ತು? ನಾನು ಬಾಗಿಲಿಗೆ ತೂತು ಕೊರೀತಿದ್ರೆ ಕೂತು ನೋಡಿದ್ಯಲ್ಲೇ!"

"ಹೇಳ್ದೆನಲ್ಲ. ಬಾಗಿಲು ಚೆನ್ನಾಗೇ ಇದೆ ಅಂದೆ."

"ಅದು ಹೇಳೋದಾ? ಅದು ಹೇಳೋದೇನೇ?"

"ನೀನು ಅಷ್ಟೊಂದು ಕಷ್ಟಪಟ್ಟೆ ಟ್ರೆವರ್. ಬೆರಳು ಕುಯ್ಕೊಂಡೆ. ಕೆಸರಲ್ಲಿ ಹೊರಳಾಡಿದೆ. ನನಗೋಸ್ಕರ ಮಾಡ್ತಿದ್ದೆ. ಬೇಡ ಅಂತ ಹೆಂಗೆ ಹೇಳ್ಲಿ?" ಅವಳಿಗೂ ಕೋಪ ಬಂದಿತ್ತು, ನಾನದನ್ನು ಅಪರೂಪಕ್ಕೆ ನೋಡಿದ್ದೆ. "ಸುಮ್ಸುಮ್ನೆ ಎದ್ದು ಓಡಾಡೋಕೆ ನಂಗೆ ಆಗಲ್ಲ. ಎಲ್ಲಿಗೆ ಅಂತ ಹೋಗ್ಲಿ ಈ ಮನೇಲಿ? ಅವನು ಕೆರೆದ್ರೆ ಏಳ್ತಿದ್ದೆ. ಯಾರಿಗೋ ಬಾಗಿಲು ತೆಗೀಬೇಕು ಅಂತ ಏಳ್ತಿದ್ದೆ. ಅದು ಬಿಟ್ರೆ ಇಡೀ ದಿನ ಯಾರಿಗೂ ನಾನು ಬೇಕಾಗಿರ್ಲಿಲ್ಲ."

ಮಾತು ಮುಗಿಸಿ ಗಡಿಯಾರದ ಹಿಂದಿನ ಕಾಗದದ ಕಡೆ ನೋಡಿದಳು. ಶಾಲೆ ತೆರೆಯಲು ಹದಿನೇಳು ದಿನ ಉಳಿದಿತ್ತು. ನನ್ನ ಕೋಪವೆಲ್ಲ ನನ್ನ ಮೇಲೆಯೇ ತಿರುಗಿತು. ಅವಳು ಬೀಳಬಾರದೆಂದು ಹೊರಟವನು ಅವಳನ್ನು ಕುರ್ಚಿಗೆ ಮೊಳೆ ಹೊಡೆದು ಕೂರಿಸಿದ್ದೆ, ಮೇಲೆ ಕಂಬಳಿಯನ್ನೂ ಹೊದಿಸಿದ್ದೆ.

ಮರುದಿನ ಪಾಳಿ ಮುಗಿಸಿ ಬಂದವನು ನೇರ ಕಿಂಡಿಯ ಹತ್ತಿರ ಹೋದೆ. ಅದರ ಮೇಲೊಂದು ತಿರುಪಿದೆ: ಒಳಗೆ ಮಾತ್ರ, ಹೊರಗೆ ಮಾತ್ರ, ಎರಡೂ ಕಡೆ, ಪೂರಾ ಬಂದ್. ಪೂರಾ ಬಂದ್‌ಗೆ ತಿರುಗಿಸಿದೆ. ಲೊರೇನ್ ಕುರ್ಚಿಯಿಂದಲೇ ನೋಡಿದಳು. ನಾನು ಎದುರಿನ ಸೋಫಾದಲ್ಲಿ ಕೂತೆ.

ಕಾಲು ಗಂಟೆಯಲ್ಲಿ ಹೊರಗಿನಿಂದ ಮುಚ್ಚಳಕ್ಕೆ ತಲೆ ಬಡಿದ ಸದ್ದು ಬಂತು. ಮತ್ತೊಮ್ಮೆ ಬಡಿಯಿತು. ಆಮೇಲೆ ಕರಕರ ಶುರುವಾಯಿತು.

ನನ್ನ ಕಾಲುಗಳು ತಾವಾಗಿಯೇ ಎದ್ದವು.

"ಕೂತ್ಕೊಳ್ಳೋ," ಅಂದಳು.

ಕೂತೆ. ಅವಳು ಕುರ್ಚಿಯ ಕೈ ಒತ್ತಿ ಎದ್ದಳು. ಎರಡು ಊರುಗೋಲು ತೆಗೆದುಕೊಂಡಳು, ಯೋಚಿಸಿ ಒಂದನ್ನು ವಾಪಸ್ ಒರಗಿಸಿದಳು. ನಾನು ಹನ್ನೆರಡು ಹೆಜ್ಜೆಯಲ್ಲಿ ಮುಗಿಸುವ ದೂರಕ್ಕೆ ಅವಳಿಗೆ ಇಪ್ಪತ್ತಾರು ಹೆಜ್ಜೆ ಬೇಕಾಯಿತು. ನಡುವೆ ಅವಳು ಮೇಜು ಹಿಡಿದು ನಿಂತಾಗ ನಾನು ಹಲ್ಲು ಕಚ್ಚಿ ಕೂತಿದ್ದೆ. ಬಾಗಿಲು ತೆಗೆದಳು. ಹೊರಗೆ ಮಳೆ. ಸಾರ್ಜೆಂಟ್ ಮುಂಗಾಲು ಎರಡನ್ನೂ ಹೊಸಿಲೊಳಗೆ ಇಟ್ಟು, ಹಿಂಗಾಲು ಹೊರಗೇ ಬಿಟ್ಟು, ಬರಲೋ ಬೇಡವೋ ಎಂದು ನಿಂತುಬಿಟ್ಟಿತು. ಒಂದು ನಿಮಿಷವಾಯಿತು, ಎರಡಾಯಿತು. ಮಳೆನೀರು ಅಡುಗೆಮನೆಯೊಳಗೆ ಬರುತ್ತಿತ್ತು. ಲೊರೇನ್ ಬಾಗಿಲು ಹಿಡಿದು ನಿಂತೇ ಇದ್ದಳು, ಎಡಗಾಲು ಸಣ್ಣಗೆ ನಡುಗುತ್ತಿತ್ತು.

"ಒಂದು ತಳ್ಳು ತಳ್ಳೇ ಅದನ್ನ," ಅಂದೆ.

"ಯಾಕೆ ತಳ್ಳಲಿ? ನಿಧಾನವಾಗಿ ಯೋಚಿಸ್ಲಿ," ಅಂದಳು. "ನಿಂತಿದ್ದೀನಲ್ಲ ನಾನು."

ನಾನು ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಸುಮ್ಮನೆ ಕೂತೆ. ಬಾಗಿಲು ಕೊರೆದದ್ದು ಇದಕ್ಕಿಂತ ಸುಲಭವಾಗಿತ್ತು.